ಇಪ್ಪತ್ತೇಳು ಸುತ್ತಿನ ಅಂಕಪಟ್ಟಿ

2020ರ ಮೇ 15ರಂದು ರಷ್ಯಾದ ಫುಟ್‌ಬಾಲ್ ಒಕ್ಕೂಟ ಕೈಗೊಂಡ ಒಂದು ತೀರ್ಮಾನಕ್ಕೆ ವರ್ಷಗಳು ಉರುಳಿದಂತೆ ಒಳ್ಳೆಯ ಹೆಸರು ಬಂದುಬಿಟ್ಟಿದೆ. ದೇಶದ ಎರಡನೇ ದರ್ಜೆಯ ಲೀಗ್ ಆದ ಎಫ್‌ಎನ್‌ಎಲ್ ಅನ್ನು ಅಲ್ಲಿಗೇ ಮುಗಿಸಲಾಯಿತು. ಮಾರ್ಚ್ 17ರಂದು ಆಟ ನಿಂತಾಗ ಇದ್ದ ಅಂಕಪಟ್ಟಿಯೇ ಅಂತಿಮವೆಂದು ಸಾರಲಾಯಿತು. ಮೊದಲ ಸ್ಥಾನದ ರೋಟರ್ ವೋಲ್ಗೊಗ್ರಾಡ್, ಎರಡನೇ ಸ್ಥಾನದ ಖಿಮ್ಕಿ ತಂಡಗಳು ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆದವು. ಗಲಾಟೆಯಿಲ್ಲದೆ, ವರ್ಷಗಟ್ಟಲೆ ಎಳೆಯುವ ಮೊಕದ್ದಮೆಯಿಲ್ಲದೆ ಮುಗಿದ ವ್ಯವಹಾರ ಎಂದು ಅದನ್ನು ಹೊಗಳುವವರು ಇಂದಿಗೂ ಇದ್ದಾರೆ. ಸಾಂಕ್ರಾಮಿಕದ ನಡುವೆ ಇದಕ್ಕಿಂತ ವಿವೇಕದ ದಾರಿ ಇರಲಿಲ್ಲ ಎಂಬುದು ಅವರ ವಾದ.

ಆಟ ನಿಲ್ಲಿಸಿದ್ದರ ಬಗ್ಗೆ ತಕರಾರಿಲ್ಲ. ಆ ವಸಂತದಲ್ಲಿ ಆಟ ನಿಲ್ಲಲೇಬೇಕಿತ್ತು. ತಕರಾರು ಇರುವುದು ನಿಂತ ಆಟದ ಪಟ್ಟಿಯನ್ನು ಮುಗಿದ ಆಟದ ಫಲಿತಾಂಶವೆಂದು ಒಪ್ಪಿಸಿದ್ದರ ಬಗ್ಗೆ. ಇವು ಬೇರೆ ಬೇರೆ ತೀರ್ಮಾನಗಳು. ಮೊದಲನೆಯದು ವೈದ್ಯರಿಗೆ ಸೇರಿದ್ದು, ಎರಡನೆಯದು ಕ್ರೀಡಾ ಆಡಳಿತಕ್ಕೆ ಸೇರಿದ್ದು. ಮೊದಲನೆಯದಕ್ಕೆ ಸಲ್ಲಬೇಕಾದ ಮೆಚ್ಚುಗೆ ಎರಡನೆಯದಕ್ಕೂ ಪುಕ್ಕಟೆಯಾಗಿ ಸಂದಿದೆ.

ಆಗಿನ ಎಫ್‌ಎನ್‌ಎಲ್‌ನ ವಿಸ್ತಾರ ಫುಟ್‌ಬಾಲ್ ಬಲ್ಲ ಓದುಗರಿಗೆ ಹೊಸದಲ್ಲ. ಪಶ್ಚಿಮದ ತುದಿಯಲ್ಲಿ ಬಾಲ್ಟಿಕ್ ಕಡಲ ಮಗ್ಗುಲಿನ ಕಲಿನಿನ್‌ಗ್ರಾಡ್, ಪೂರ್ವದ ತುದಿಯಲ್ಲಿ ಪೆಸಿಫಿಕ್ ದಡದ ವ್ಲಾದಿವೊಸ್ತೋಕ್. ಎರಡೂ ಊರುಗಳ ಗಡಿಯಾರದ ನಡುವೆ ಎಂಟು ಗಂಟೆಗಳ ಅಂತರ. ಇಂಥ ಲೀಗ್‌ನಲ್ಲಿ 20 ತಂಡಗಳು ಒಂದೊಂದೂ 38 ಪಂದ್ಯ ಆಡಬೇಕಿತ್ತು. 2019ರ ಜುಲೈಯಲ್ಲಿ ಶುರುವಾದ ಋತು ಚಳಿಗಾಲದ ವಿರಾಮ ಮುಗಿಸಿ ಮತ್ತೆ ಕಣಕ್ಕಿಳಿದ ಸ್ವಲ್ಪ ದಿನಕ್ಕೇ ಸೋಂಕಿನ ಕಾರಣದಿಂದ ನಿಂತಿತು. ಆಗ ಮುಗಿದಿದ್ದದ್ದು 27 ಸುತ್ತು.

ಈ 27 ಎಂಬ ಸಂಖ್ಯೆಯನ್ನು ಹೊಗಳಿಕೆಯ ಬರಹಗಳು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ. ತಡೆದು ನಿಂತು ನೋಡಬೇಕಾದದ್ದು ಇಲ್ಲಿಯೇ. 20 ತಂಡಗಳ ಲೀಗ್‌ನಲ್ಲಿ ಎಲ್ಲರೂ ಎಲ್ಲರನ್ನೂ ಒಮ್ಮೆ ಎದುರಿಸಲು 19 ಸುತ್ತು ಬೇಕು. ಅಲ್ಲಿಗೆ ಒಂದು ಆವರ್ತ ಪೂರ್ತಿಯಾಗುತ್ತದೆ. ಬಲಿಷ್ಠರು, ದುರ್ಬಲರು ಎಲ್ಲರ ಪಾಲಿಗೂ ಸಮನಾಗಿ ಬಂದಿರುತ್ತಾರೆ. 38ಕ್ಕೆ ಎರಡನೇ ಆವರ್ತವೂ ಮುಗಿದು, ತವರಿನಲ್ಲಿ ಆಡಿದವರ ವಿರುದ್ಧ ಅವರ ಊರಿಗೂ ಹೋಗಿ ಆಡಿದಂತಾಗುತ್ತದೆ. ಅಂಕಪಟ್ಟಿಗೆ ಅರ್ಥ ಬರುವ ನಿಲ್ದಾಣಗಳು ಈ ಎರಡೇ. ಇಪ್ಪತ್ತೇಳನೆಯದು ಎರಡನೇ ಆವರ್ತದ ಎಂಟನೇ ಸುತ್ತು. ಆ ಎಂಟು ಸುತ್ತುಗಳಲ್ಲಿ ಒಬ್ಬರ ಪಾಲಿಗೆ ಪಟ್ಟಿಯ ಮೇಲಿನವರು ಬಂದಿರಬಹುದು, ಇನ್ನೊಬ್ಬರ ಪಾಲಿಗೆ ತಳದವರು. ಅದು ವೇಳಾಪಟ್ಟಿ ಹಂಚಿದ್ದು, ಆಟ ಗಳಿಸಿಕೊಟ್ಟದ್ದಲ್ಲ. ಮೇಲಾಗಿ 27 ಬೆಸ ಸಂಖ್ಯೆ. ತವರಿನಲ್ಲಿ ಆಡಿದ ಪಂದ್ಯಗಳೂ ಪರಸ್ಥಳದಲ್ಲಿ ಆಡಿದ ಪಂದ್ಯಗಳೂ ಯಾವ ತಂಡಕ್ಕೂ ಸಮನಾಗಿರಲು ಸಾಧ್ಯವೇ ಇಲ್ಲ. ಸಣ್ಣ ದೇಶದ ಲೀಗ್‌ನಲ್ಲಿ ಈ ವ್ಯತ್ಯಾಸ ಒಂದು ಬಸ್ಸಿನ ಪ್ರಯಾಣದಷ್ಟು. ಎಂಟು ಗಂಟೆಗಳ ಅಂತರವನ್ನು ವಿಮಾನದಲ್ಲಿ ದಾಟಿ, ಊಟ ನಿದ್ದೆಗಳ ಹೊತ್ತು ತಪ್ಪಿಸಿಕೊಂಡು ಆಡುವ ಲೀಗ್‌ನಲ್ಲಿ ಒಂದು ಹೆಚ್ಚುವರಿ ತವರು ಪಂದ್ಯ ಬಹಳ ದೊಡ್ಡದು. ಅರ್ಧ ಒಕ್ಕಿದ ಕಣದಲ್ಲಿ ಕೊಳಗ ಹಿಡಿದು ಇಳುವರಿ ಅಳೆದಂತೆ ಆಯಿತು ಈ ಲೆಕ್ಕ.

ಇನ್ನೊಂದು ಲೆಕ್ಕ ಇದಕ್ಕಿಂತ ಕಟುವಾದದ್ದು. ರಷ್ಯಾದ ಪ್ರೀಮಿಯರ್ ಲೀಗ್ ಕೂಡ ಅದೇ ಮಾರ್ಚ್‌ನಲ್ಲಿ ನಿಂತಿತ್ತು. ಅಲ್ಲಿ 30 ಸುತ್ತುಗಳ ಪೈಕಿ 22 ಮುಗಿದಿದ್ದವು, ಅಂದರೆ ಶೇಕಡಾ 73. ಎಫ್‌ಎನ್‌ಎಲ್‌ನಲ್ಲಿ 38ರ ಪೈಕಿ 27, ಅಂದರೆ ಶೇಕಡಾ 71. ಹೆಚ್ಚುಕಡಿಮೆ ಒಂದೇ ಹಂತದಲ್ಲಿ ನಿಂತ ಎರಡು ಲೀಗ್‌ಗಳು. ಆದರೂ ಮೇಲಿನ ಲೀಗ್‌ನ ಪಟ್ಟಿ ಅಪೂರ್ಣ, ಉಳಿದ ಎಂಟು ಸುತ್ತು ಆಡಿಯೇ ತೀರಬೇಕು ಎಂದಾಯಿತು. ಕೆಳಗಿನ ಲೀಗ್‌ನ ಪಟ್ಟಿ ಪೂರ್ಣ, ಉಳಿದ ಹನ್ನೊಂದು ಸುತ್ತು ಬೇಕಿಲ್ಲ ಎಂದಾಯಿತು. ಒಂದೇ ಆಡಳಿತ, ಒಂದೇ ರೋಗ, ಒಂದೇ ಬೇಸಿಗೆ. ಪಟ್ಟಿಯ ಪೂರ್ಣತೆಗೆ ಎರಡು ಅಳತೆಗೋಲುಗಳನ್ನು ಇಟ್ಟುಕೊಂಡದ್ದಕ್ಕೆ ಕ್ರೀಡೆಯೊಳಗಿನ ಕಾರಣ ಯಾವುದೂ ಇಲ್ಲ.

ಹಣದ ಕಾರಣ ಇತ್ತು, ಅದನ್ನು ಒಪ್ಪಬೇಕು. ಪ್ರಸಾರದ ಆದಾಯ ಮೇಲಿನ ಲೀಗ್‌ನದು. ಆಟಗಾರರಿಗೆಲ್ಲ ಮತ್ತೆ ಮತ್ತೆ ಪರೀಕ್ಷೆ ಮಾಡಿಸುವುದು, ಖಾಲಿ ಕ್ರೀಡಾಂಗಣಗಳಲ್ಲಿ ಆಡಿಸುವುದು, ಖಂಡದ ಉದ್ದಕ್ಕೂ ವಿಮಾನ ಹಾರಿಸುವುದು ಪ್ರಾಂತೀಯ ಸರಕಾರಗಳ ಅನುದಾನದ ಮೇಲೆ ಉಸಿರಾಡುವ ಕ್ಲಬ್‌ಗಳಿಗೆ ಸುಲಭವಲ್ಲ. ಹನ್ನೊಂದು ಸುತ್ತನ್ನೂ ಆಡಿಸಬೇಕಿತ್ತು ಎಂದು ಯಾರೂ ಹಟ ಹಿಡಿಯುವಂತಿಲ್ಲ. ಆದರೆ ಬಡತನದ ಕಾರಣಕ್ಕೆ ಆಟ ನಿಲ್ಲಿಸಿದ್ದೇವೆ ಎನ್ನುವುದು ಒಂದು ಮಾತು, ಫಲಿತಾಂಶ ನ್ಯಾಯವಾಗಿಯೇ ಬಂದಿದೆ ಎನ್ನುವುದು ಇನ್ನೊಂದು ಮಾತು. ಹೊಗಳುವವರು ಮೊದಲನೆಯದನ್ನು ಹೇಳಿ ಎರಡನೆಯದನ್ನು ಒಪ್ಪಿಸಿಕೊಳ್ಳುತ್ತಾರೆ.

ಮೇಲಿನ ಲೀಗ್ ಆಡಿದ ಬಗೆಯೂ ಹೊಗಳುವಂತಿರಲಿಲ್ಲ. ಜೂನ್ 19ರಂದು ಲೀಗ್ ಮರಳಿದ ಮೊದಲ ದಿನವೇ ರೊಸ್ತೋವ್ ತಂಡದಲ್ಲಿ ಸೋಂಕು ಪತ್ತೆಯಾಗಿ ಮುಖ್ಯ ತಂಡವೆಲ್ಲ ಪ್ರತ್ಯೇಕ ವಾಸದಲ್ಲಿತ್ತು. ಪಂದ್ಯ ಮುಂದೂಡಲು ಎದುರಾಳಿ ಸೋಚಿ ಒಪ್ಪಲಿಲ್ಲ. ರೊಸ್ತೋವ್ ಹದಿಹರೆಯದ ಹುಡುಗರನ್ನು ಕಳಿಸಿತು. ಮೊದಲ ಗೋಲು ಹೊಡೆದದ್ದು ಆ ಹುಡುಗರೇ, ಸೋತದ್ದು 10–1ರಿಂದ. ಹತ್ತು ಗೋಲು ಬಿಟ್ಟುಕೊಟ್ಟ ಹದಿನೇಳರ ಗೋಲ್‌ಕೀಪರ್ ಡೆನಿಸ್ ಪೊಪೊವ್ ಒಂದು ಪೆನಾಲ್ಟಿ ಸೇರಿದಂತೆ ಹದಿನೈದು ಹೊಡೆತ ತಡೆದು ಪಂದ್ಯಶ್ರೇಷ್ಠನೆನಿಸಿದ. ಒರೆನ್‌ಬುರ್ಗ್ ತಂಡ ಸೋಂಕಿನಿಂದ ಆಡಲಾಗದ ಪಂದ್ಯಗಳನ್ನು 0–3 ಎಂದು ಬಿಟ್ಟುಕೊಟ್ಟು, ಕೊನೆಗೆ ಕೆಳಗಿಳಿಯಿತು. ಹೀಗೆ ಆಡುವುದಕ್ಕಿಂತ ಎಫ್‌ಎನ್‌ಎಲ್ ಆಡದೇ ಉಳಿದದ್ದೇ ವಾಸಿ ಎಂಬ ವಾದಕ್ಕೆ ಬಲ ಬಂದದ್ದು ಇಲ್ಲಿಂದ. ಈ ವಾದದಲ್ಲಿ ಸತ್ಯಾಂಶವಿದೆ. ಆದರೆ ಅದು ಎರಡೇ ದಾರಿಗಳಿವೆ ಎಂದು ಮೊದಲೇ ಊಹಿಸಿಕೊಳ್ಳುತ್ತದೆ: ಎಲ್ಲವನ್ನೂ ಆಡುವುದು, ಇಲ್ಲವೇ ಏನನ್ನೂ ಆಡದಿರುವುದು.

ಮೂರನೇ ದಾರಿ ಕಣ್ಣೆದುರೇ ಇತ್ತು. ನಿಯಮದ ಪ್ರಕಾರ ಎಫ್‌ಎನ್‌ಎಲ್‌ನ ಮೂರನೇ, ನಾಲ್ಕನೇ ಸ್ಥಾನದ ತಂಡಗಳು ಪ್ರೀಮಿಯರ್ ಲೀಗ್‌ನ ಹದಿಮೂರನೇ, ಹದಿನಾಲ್ಕನೇ ಸ್ಥಾನದ ತಂಡಗಳ ಜೊತೆ ಪ್ಲೇಆಫ್ ಆಡಬೇಕು. ಮೇಯಲ್ಲಿ ಆ ಪ್ಲೇಆಫ್ ಕೂಡ ರದ್ದಾಯಿತು. ಇದರ ಲಾಭ ಯಾರಿಗೆ? ಮೇಲಿನ ಲೀಗ್‌ನ ತಳದಲ್ಲಿ ತೂಗಾಡುತ್ತಿದ್ದ ಎರಡು ತಂಡಗಳಿಗೆ. ನಷ್ಟ, ಮೂರನೇ ದರ್ಜೆಯಿಂದ ಆಗಷ್ಟೇ ಮೇಲೇರಿ ಬಂದು ಮುಂಚೂಣಿಗೆ ತಲುಪಿದ್ದ ಟಾರ್ಪೆಡೊ ಮಾಸ್ಕೊದಂಥ ಕ್ಲಬ್‌ಗಳಿಗೆ. ಅಗತ್ಯವಿದ್ದದ್ದು ಹನ್ನೊಂದು ಸುತ್ತಲ್ಲ, ಮುಂಚೂಣಿಯ ಕೆಲವು ತಂಡಗಳ ಹತ್ತು ದಿನದ ಕಿರುಪಂದ್ಯಾವಳಿ. ಅದು ಸಾಧ್ಯವಿರಲಿಲ್ಲ ಎನ್ನುವವರಿಗೆ ಖಿಮ್ಕಿಯೇ ಉತ್ತರ. ಲೀಗ್‌ನಲ್ಲಿ ಆಡುವ ಸ್ಥಿತಿಯಿಲ್ಲವೆಂದು ಮನೆಗೆ ಕಳಿಸಿದ್ದ ಈ ಎಫ್‌ಎನ್‌ಎಲ್ ತಂಡ ಅದೇ ಜುಲೈಯಲ್ಲಿ ರಷ್ಯಾ ಕಪ್ ಆಡಿತು. ಜುಲೈ 25ರಂದು ಯೆಕತೆರಿನ್‌ಬುರ್ಗ್‌ನಲ್ಲಿ ಜೆನಿತ್ ವಿರುದ್ಧ ಫೈನಲ್ಲಿಗೇ ಇಳಿದು, ಕೊನೆಯ ಹತ್ತು ನಿಮಿಷಗಳಲ್ಲಿ ಆರ್ತಿಯೊಮ್ ಜ್ಯೂಬಾ ಹೊಡೆದ ಪೆನಾಲ್ಟಿಯಿಂದ 0–1ರಲ್ಲಿ ಸೋತಿತು. ಕಪ್‌ಗೆ ಪರೀಕ್ಷೆ, ಪ್ರಯಾಣ, ಮೈದಾನ ಎಲ್ಲವೂ ಸಿಕ್ಕವು. ಬಡ್ತಿಯ ಪಂದ್ಯಕ್ಕೆ ಸಿಗಲಿಲ್ಲ.

ಬೇರೆ ದೇಶಗಳು ಅದೇ ಬೇಸಿಗೆಯಲ್ಲಿ ಈ ದಾರಿ ಹಿಡಿದವು. ಇಂಗ್ಲೆಂಡಿನ ಮೂರನೇ ದರ್ಜೆಯಾದ ಲೀಗ್ ಒನ್ ಕೂಡ ಅರ್ಧಕ್ಕೇ ಮುಗಿಯಿತು. ಪಂದ್ಯವೊಂದಕ್ಕೆ ಸರಾಸರಿ ಅಂಕ ಲೆಕ್ಕ ಹಾಕಿದರು. ಅದರಲ್ಲಿ ಎಂಟನೇ ಸ್ಥಾನದಲ್ಲಿದ್ದ ವಿಕಂಬ್ ಮೂರಕ್ಕೇರಿತು, ಪೀಟರ್‌ಬರೊ ಪ್ಲೇಆಫ್ ಸ್ಥಾನದಿಂದ ಹೊರಬಿತ್ತು. ಆ ಲೆಕ್ಕದ ಮೇಲೂ ಜಗಳವಾಯಿತು, ಆಗಬೇಕಾದದ್ದೇ. ಆದರೆ ಕೊನೆಯ ಬಡ್ತಿಯನ್ನು ಲೆಕ್ಕದ ಕೈಗೆ ಕೊಡಲಿಲ್ಲ. ಜುಲೈಯಲ್ಲಿ ಪ್ಲೇಆಫ್ ಆಡಿಸಿದರು, ವಿಕಂಬ್ ವೆಂಬ್ಲಿಯಲ್ಲಿ ಆಕ್ಸ್‌ಫರ್ಡನ್ನು 2–1ರಿಂದ ಸೋಲಿಸಿ ಮೇಲೇರಿತು. ಭಾರತದ ಉದಾಹರಣೆ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಐ-ಲೀಗ್‌ನ ಎರಡನೇ ಡಿವಿಷನ್ ಅದೇ ಮಾರ್ಚ್‌ನಲ್ಲಿ ನಿಂತಿತು, ರದ್ದೂ ಆಯಿತು. ಆದರೆ ಬಡ್ತಿಯನ್ನು ನಿಂತ ಪಟ್ಟಿಯಿಂದ ಹಂಚಲಿಲ್ಲ. 2020ರ ಅಕ್ಟೋಬರಿನಲ್ಲಿ ಕೋಲ್ಕತ್ತ, ಕಲ್ಯಾಣಿಗಳಲ್ಲಿ ಐದು ತಂಡಗಳ ಅರ್ಹತಾ ಪಂದ್ಯಾವಳಿ ನಡೆಸಿದರು. ಅದರಲ್ಲಿ ಎಫ್‌ಸಿ ಬೆಂಗಳೂರು ಯುನೈಟೆಡ್ ಕೂಡ ಇತ್ತು. ಗೆದ್ದದ್ದು ಮೊಹಮ್ಮಡನ್ ಸ್ಪೋರ್ಟಿಂಗ್. ಬೆಂಗಳೂರಿನ ತಂಡ ಸೋತಿತು, ಆದರೆ ಮೈದಾನದಲ್ಲಿ ಸೋತಿತು. ರಷ್ಯಾಕ್ಕಿಂತ ಎಷ್ಟೋ ಕಡಿಮೆ ಫುಟ್‌ಬಾಲ್ ಹಣವಿರುವ ದೇಶಕ್ಕೆ ಇದು ಸಾಧ್ಯವಾಯಿತು.

ಇಲ್ಲಿ ಎದುರು ಪಂಗಡದ ವಿಮರ್ಶಕರಿಗೂ ಒಂದು ಉತ್ತರ ಸಲ್ಲಬೇಕು. ಪಟ್ಟಿ ಅಪೂರ್ಣವಾದರೆ ಇಡೀ ಋತುವನ್ನೇ ಅಳಿಸಬೇಕಿತ್ತು, ಯಾರಿಗೂ ಬಡ್ತಿ ಕೊಡಬಾರದಿತ್ತು ಎನ್ನುತ್ತಾರೆ ಅವರು. ಈ ನಿಲುವು ಕಾಗದದ ಮೇಲೆ ಶುದ್ಧವಾಗಿ ಕಾಣುತ್ತದೆ. ನೆದರ್ಲೆಂಡ್ಸ್ ಹಾಗೆಯೇ ಮಾಡಿತು. ಏಪ್ರಿಲ್ 24ರಂದು ಬಡ್ತಿ, ಹಿಂಬಡ್ತಿ ಎರಡೂ ಇಲ್ಲವೆಂದು ಸಾರಿತು. ಎರಡನೇ ದರ್ಜೆಯಲ್ಲಿ ಮೊದಲ ಸ್ಥಾನದಲ್ಲಿದ್ದ ಕಾಂಬ್ಯೂರ್, ಅದರ ಹಿಂದೆಯೇ ಇದ್ದ ಡೆ ಗ್ರಾಫ್‌ಶಾಪ್ ಕ್ಲಬ್‌ಗಳು ನ್ಯಾಯಾಲಯಕ್ಕೆ ಹೋಗಿ ಬರಿಗೈಯಲ್ಲಿ ಬಂದವು. ಮರುವರ್ಷ ಕಾಂಬ್ಯೂರ್ ಮತ್ತೆ ಮೊದಲ ಸ್ಥಾನ ಪಡೆದು ಮೇಲೇರಿತು. ಡೆ ಗ್ರಾಫ್‌ಶಾಪ್‌ಗೆ ಗೋಲುಗಳ ವ್ಯತ್ಯಾಸದಲ್ಲಿ ಬಡ್ತಿ ಕೈತಪ್ಪಿತು. ಒಂದು ವರ್ಷದ ದುಡಿಮೆಯನ್ನು ಅಳಿಸುವುದು ಅಪೂರ್ಣತೆಗೆ ಪರಿಹಾರವಲ್ಲ, ಅದು ಅದೇ ಅನ್ಯಾಯದ ದೊಡ್ಡ ರೂಪ. ರಷ್ಯಾದ ತೀರ್ಮಾನಕ್ಕಿಂತ ನೆದರ್ಲೆಂಡ್ಸಿನದು ಕೆಟ್ಟದ್ದು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕಿಂತ ಉತ್ತಮ ಎಂಬುದು ಹೊಗಳಿಕೆಗೆ ಸಾಕಾಗುವ ಯೋಗ್ಯತೆಯಲ್ಲ.

ಎರಡೂ ಪಂಗಡಗಳು ಸೇರಿ ಮಾಡುವ ಒಂದು ತಪ್ಪಿದೆ. ಮುಂದಿನ ಋತುವಿನ ಫಲಿತಾಂಶದಿಂದ ಹಿಂದಿನ ತೀರ್ಮಾನವನ್ನು ಅಳೆಯುವುದು. ಖಿಮ್ಕಿ 2020–21ರ ಪ್ರೀಮಿಯರ್ ಲೀಗ್‌ನಲ್ಲಿ ಎಂಟನೇ ಸ್ಥಾನ ಪಡೆಯಿತು, ನೋಡಿ, ಬಡ್ತಿಗೆ ಅರ್ಹವಾಗಿತ್ತು ಎನ್ನುತ್ತದೆ ಒಂದು ಪಂಗಡ. ರೋಟರ್ ಅದೇ ಋತುವಿನಲ್ಲಿ ಕೆಳಗಿಳಿಯಿತು, ನೋಡಿ, ಅರ್ಹವಾಗಿರಲಿಲ್ಲ ಎನ್ನುತ್ತದೆ ಇನ್ನೊಂದು. ಪೂರ್ತಿ 38 ಸುತ್ತು ಆಡಿ ಗೆದ್ದು ಬಂದ ತಂಡಗಳೂ ಒಂದೆರಡು ವರ್ಷಗಳಲ್ಲೇ ಕೆಳಗಿಳಿದ ನಿದರ್ಶನಗಳಿವೆ. 2019ರಲ್ಲಿ ಎಫ್‌ಎನ್‌ಎಲ್ ಗೆದ್ದು ಮೇಲೇರಿದ್ದ ತಾಂಬೋವ್ ಕ್ಲಬ್ 2021ರಲ್ಲಿ ರೋಟರ್ ಜೊತೆಗೇ ಕೆಳಗಿಳಿದು ಮುಚ್ಚಿಯೇ ಹೋಯಿತು. ಅದರಿಂದ 2019ರ ಗೆಲುವು ಸುಳ್ಳಾಗುವುದಿಲ್ಲ. ಬಡ್ತಿ ನ್ಯಾಯವಾಗಿತ್ತೇ ಎಂಬುದನ್ನು ಬಡ್ತಿ ಕೊಟ್ಟ ಬಗೆಯಲ್ಲಿ ಹುಡುಕಬೇಕು.

ರೋಟರ್ ವಿಷಯದಲ್ಲಿ ಭಾವುಕತೆಯೂ ವಿಮರ್ಶೆಯ ಕಣ್ಣು ಕಟ್ಟಿತು. 1993 ಮತ್ತು 1997ರಲ್ಲಿ ರಷ್ಯಾದ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆದ ತಂಡ ಅದು. 1995ರ ಯುಇಎಫ್‌ಎ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅನ್ನು ಹೊರದಬ್ಬಿದ ತಂಡ, ಆ ಪಂದ್ಯದಲ್ಲಿ ಗೋಲ್‌ಕೀಪರ್ ಪೀಟರ್ ಸ್ಮೈಕೆಲ್ ಮುನ್ನುಗ್ಗಿ ಬಂದು ಗೋಲು ಹೊಡೆದರೂ ಯುನೈಟೆಡ್ ಉಳಿಯಲಿಲ್ಲ. 2004ರ ನಂತರ ಅಗ್ರ ಲೀಗ್‌ನ ಮುಖ ಕಾಣದಿದ್ದ ಅಂಥ ಕ್ಲಬ್, 2018ರ ವಿಶ್ವಕಪ್‌ಗೆ ಕಟ್ಟಿದ ಹೊಸ ಕ್ರೀಡಾಂಗಣಕ್ಕೆ ಅಗ್ರ ಲೀಗ್ ತಂದಿತು ಎಂಬ ಸಂತೋಷದಲ್ಲಿ ತಂದ ದಾರಿಯನ್ನು ಯಾರೂ ಕೇಳಲಿಲ್ಲ. ಕೋಚ್ ಅಲೆಕ್ಸಾಂಡರ್ ಖತ್ಸ್‌ಕೆವಿಚ್ ಮತ್ತು ಅವರ ಹುಡುಗರಿಗೂ ಇದರಿಂದ ಅನ್ಯಾಯವೇ ಆಯಿತು. ಹನ್ನೊಂದು ಸುತ್ತು ಅಲ್ಲದಿದ್ದರೂ ನಾಲ್ಕು ಪಂದ್ಯ ಆಡಿ ಗೆದ್ದಿದ್ದರೆ ಅವರ ಬಡ್ತಿಯ ಬಗ್ಗೆ ಇಂಥ ಲೇಖನವೇ ಬರುತ್ತಿರಲಿಲ್ಲ.

ಕಡಿಮೆ ಗಮನ ಪಡೆದ ನಷ್ಟಗಳು ಇನ್ನೂ ಇವೆ. ಮುಂದಿನ ಋತುವಿಗೆ ಎಫ್‌ಎನ್‌ಎಲ್ 22 ತಂಡಗಳಿಗೆ ಹಿಗ್ಗಿತು. ಮೇಲಿಂದ ಇಬ್ಬರು, ಕೆಳಗಿನಿಂದ ಆರು ಮಂದಿ ಬಂದರು. ಈ ಬೆಳವಣಿಗೆಯ ಮರೆಯಲ್ಲಿ ನಾಲ್ಕು ಹೆಸರುಗಳು ಕಾಣದಾದವು: ಲುಚ್ ವ್ಲಾದಿವೊಸ್ತೋಕ್, ಮೊರ್ದೋವಿಯ ಸರಾನ್ಸ್ಕ್, ಅರ್ಮಾವಿರ್, ಅವಾನ್‌ಗಾರ್ಡ್ ಕುರ್ಸ್ಕ್. ಲುಚ್ ಮತ್ತು ಮೊರ್ದೋವಿಯ ಹಣದ ಮುಗ್ಗಟ್ಟಿನಲ್ಲಿ ಮುಚ್ಚಿದವು. ಮೊರ್ದೋವಿಯದ ಊರಿನಲ್ಲೂ ವಿಶ್ವಕಪ್ ಕ್ರೀಡಾಂಗಣವೊಂದು ನಿಂತಿತ್ತು. ಅವಾನ್‌ಗಾರ್ಡ್ 2018ರ ರಷ್ಯಾ ಕಪ್ ಫೈನಲ್ ಆಡಿದ ತಂಡ, ಅದು ಮೂರನೇ ದರ್ಜೆಗೆ ಹೋಯಿತು. ಯಾರು ಮೇಲೇರಬೇಕು ಎಂಬ ಚರ್ಚೆಯಲ್ಲಿ ಮುಳುಗಿದ ಬರಹಗಾರರು ಯಾರು ಉಳಿಯಲಿಲ್ಲ ಎಂದು ಬರೆದದ್ದು ಕಡಿಮೆ.

ಆಟಗಾರರ ಲೆಕ್ಕವೂ ಹಾಗೆಯೇ. ಟಾರ್ಪೆಡೊದಲ್ಲಿದ್ದ ಮುನ್ನಡೆ ಆಟಗಾರ ಇವಾನ್ ಸೆರ್ಗೆಯೆವ್ ಮುಂದಿನ ಋತುವಿನಲ್ಲಿ ಕ್ರಿಲ್ಯಾ ಸೊವೆತೊವ್ ಸೇರಿ ಒಂದೇ ಎಫ್‌ಎನ್‌ಎಲ್ ಋತುವಿನಲ್ಲಿ 40 ಗೋಲು ಹೊಡೆದ. ಆ ತಂಡ 42 ಪಂದ್ಯಗಳಲ್ಲಿ 101 ಅಂಕ ಗಳಿಸಿ ಮೇಲೇರಿತು. ಟಾರ್ಪೆಡೊ ಮಾತ್ರ ಎರಡು ವರ್ಷ ಕಾದು 2022ರಲ್ಲಿ ಲೀಗ್ ಗೆದ್ದು ಪ್ರೀಮಿಯರ್ ಲೀಗ್ ತಲುಪಿತು, ಆ ಬಾರಿ ಎಲ್ಲ ಸುತ್ತುಗಳನ್ನೂ ಆಡಿ. 2020ರಲ್ಲಿ ಒಂದು ಪ್ಲೇಆಫ್ ಸಿಕ್ಕಿದ್ದರೆ ಅದು ಗೆಲ್ಲುತ್ತಿತ್ತೇ ಎಂದು ಊಹಿಸುವುದು ಬೇಡ. ಆಡುವ ಹಕ್ಕು ಅದಕ್ಕಿತ್ತು, ಆ ಹಕ್ಕನ್ನು ಕಸಿದುಕೊಳ್ಳಲಾಯಿತು.

ಹಳೆಯ ಪಟ್ಟಿಯನ್ನು ಈಗ ಯಾರೂ ತಿದ್ದಲಾರರು, ತಿದ್ದಬೇಕಾಗಿಯೂ ಇಲ್ಲ. ಆದರೆ ರಷ್ಯಾದ ಫುಟ್‌ಬಾಲ್ ಚರಿತ್ರೆ ಬರೆಯುವವರು 2019–20ರ ಎಫ್‌ಎನ್‌ಎಲ್ ಸಾಲಿನ ಪಕ್ಕದಲ್ಲಿ 38ರಲ್ಲಿ 27 ಸುತ್ತು, ಪ್ಲೇಆಫ್ ರದ್ದು ಎಂದು ನಮೂದಿಸಬೇಕು. ಇದನ್ನು ಮಾದರಿ ತೀರ್ಮಾನವೆಂದು ಕೊಂಡಾಡುವ ಬರಹಗಾರರು ಮೊದಲು ಆ ಜುಲೈಯ ಕಪ್ ಫೈನಲ್ಲನ್ನು ವಿವರಿಸಲಿ.