ಸೈನೈಡ್ ದಿಬ್ಬದ ಮುಂದೆ ಮೂರು ಕ್ಯಾಮೆರಾಗಳು

ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಮೆಗಾಪಿಕ್ಸೆಲ್?’ ಎಂಬುದು. ಅಂಗಡಿಯವರೂ ಅದನ್ನೇ ಮೊದಲು ಹೇಳುತ್ತಾರೆ. ಪತ್ರಿಕೆಗಳ ಹೋಲಿಕೆ ಪಟ್ಟಿಗಳಲ್ಲಿಯೂ ಮೊದಲ ಸಾಲು ಅದೇ. ಆದರೆ ನೀವು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲೊ ಬಂಗಾರಪೇಟೆಯಲ್ಲೊ ಇದ್ದು, ಅಲ್ಲಿನದನ್ನೇ ಚಿತ್ರಿಸುವ ಹವ್ಯಾಸಿಯಾಗಿದ್ದರೆ ನಿಮ್ಮ ಪಟ್ಟಿಯ ಮೊದಲ ಸಾಲು ಬೇರೆಯೇ ಆಗಬೇಕು. ಅದು ಏನಾಗಬೇಕು ಎಂಬುದನ್ನು ಮೂರು ಕ್ಯಾಮೆರಾಗಳನ್ನು ಮುಂದಿಟ್ಟುಕೊಂಡು ನೋಡೋಣ: 2008ರ ನಿಕಾನ್ ಡಿ90, 2018ರ ನಿಕಾನ್ ಡಿ3500 ಮತ್ತು ಅದೇ ವರ್ಷದ ಕ್ಯಾನನ್ 1500ಡಿ.

ಹಳೆಯ ಮಾದರಿಗಳೇ ಏಕೆ? ಕ್ಯಾನನ್ ಮತ್ತು ನಿಕಾನ್ ಸಂಸ್ಥೆಗಳು 2020ರ ಬಳಿಕ ಹೊಸ ಡಿಎಸ್‌ಎಲ್‌ಆರ್ ಮಾದರಿ ಹೊರತಂದಿಲ್ಲ. ಅವುಗಳ ಗಮನವೆಲ್ಲ ಒಳಗನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆಗಿದೆ. ಆದ್ದರಿಂದ ಅಧ್ಯಾಪಕರ ಸಂಬಳಕ್ಕೆ, ವಿದ್ಯಾರ್ಥಿಗಳ ಉಳಿತಾಯಕ್ಕೆ ಎಟಕುವ ಡಿಎಸ್‌ಎಲ್‌ಆರ್ ಹೆಚ್ಚಾಗಿ ಸಿಗುವುದು ಬಳಸಿದ ವಸ್ತುಗಳ ಮಾರುಕಟ್ಟೆಯಲ್ಲಿ. ಅಲ್ಲಿ ಖಾತರಿ ಚೀಟಿ ಇರುವುದಿಲ್ಲ. ನಿಮ್ಮ ತಿಳಿವಳಿಕೆಯೇ ಖಾತರಿ.

ಮೊದಲು ಮೆಗಾಪಿಕ್ಸೆಲ್‌ನ ಲೆಕ್ಕ ಮುಗಿಸಿಬಿಡೋಣ. ಡಿ90ರಲ್ಲಿ 12.3, ಡಿ3500ರಲ್ಲಿ 24.2, 1500ಡಿಯಲ್ಲಿ 24.1. ಎರಡರಷ್ಟು ಎಂದು ಹಿಗ್ಗಬೇಡಿ. ಇದು ವಿಸ್ತೀರ್ಣದ ಲೆಕ್ಕ. ಉದ್ದದಲ್ಲಿ ಸಿಗುವ ಹೆಚ್ಚಳ ಎರಡರ ವರ್ಗಮೂಲದಷ್ಟು, ಅಂದರೆ ಸುಮಾರು 1.4 ಪಟ್ಟು ಮಾತ್ರ. ಡಿ90ರ ಚಿತ್ರದ ಅಗಲ 4288 ಪಿಕ್ಸೆಲ್. ಅಂಗುಲಕ್ಕೆ 300ರಂತೆ ಮುದ್ರಿಸಿದರೆ 14 ಅಂಗುಲ ದಾಟುತ್ತದೆ. ಶಾಲೆಯ ಗೋಡೆಯ ಪ್ರದರ್ಶನಕ್ಕೆ ಅಷ್ಟು ಸಾಲದೆ?

ಈಗ ದಿಬ್ಬಗಳ ಕಡೆಗೆ ಬನ್ನಿ. ಗಣಿಯಿಂದ ತೆಗೆದ ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯೇ ಕೆಜಿಎಫ್‌ನ ಸೈನೈಡ್ ದಿಬ್ಬಗಳು. ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ ಹೀಗೆ ಗುಡ್ಡೆಯಾಗಿ ನಿಂತಿದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಆದರೆ ಗಾಳಿಯ ಕಾಲದಲ್ಲಿ ಈ ಪುಡಿ ಊರಿನ ಮೇಲೆ ಹಾರುವುದು ನಿಂತಿಲ್ಲ. ಊರಿನವರ ಕಣ್ಣು, ಮೂಗುಗಳಿಗೆ ಅದು ಮಾಡುವ ತೊಂದರೆಯ ಮುಂದೆ ಕ್ಯಾಮೆರಾದ್ದು ಸಣ್ಣ ಮಾತು, ನಿಜ. ಆದರೂ ದಿಬ್ಬದ ಬಳಿ ನಿಂತು ಮಸೂರ ಬದಲಿಸಿದಿರೋ, ಪುಡಿ ಒಳಗೆ ಸೇರಿತೆಂದೇ ತಿಳಿಯಿರಿ.

ಒಳಗೆ ಸೇರಿದ ಕಣ ಏನು ಮಾಡುತ್ತದೆ? ಅದು ನೇರವಾಗಿ ಸಂವೇದಕದ ಮೇಲೆ ಕೂರುವುದಿಲ್ಲ. ಅದರ ಮೇಲಿರುವ ಶೋಧಕ ಗಾಜಿನ ಮೇಲೆ ಕೂರುತ್ತದೆ. ಈ ಗಾಜಿನ ಮೇಲ್ಮೈ ಸಂವೇದಕದಿಂದ 1 ಮಿ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಬೆಳಕು ಪ್ರತಿ ಬಿಂದುವಿಗೂ ಶಂಕುವಿನ ಆಕಾರದಲ್ಲಿ ಬರುತ್ತದೆ. ಎಫ್/4ರಲ್ಲಿ ಗಾಜಿನ ಮಟ್ಟದಲ್ಲಿ ಈ ಶಂಕುವಿನ ಅಗಲ ಕಾಲು ಮಿ.ಮೀ.; ಎಫ್/16ರಲ್ಲಿ ಹದಿನಾರನೆಯ ಒಂದು ಮಿ.ಮೀ. ಕಣದ ಅಗಲ 0.05 ಮಿ.ಮೀ. ಇದ್ದರೆ ಮೊದಲ ಸಂದರ್ಭದಲ್ಲಿ ಅದು ತಡೆಯುವುದು ಬೆಳಕಿನ ಶೇಕಡಾ 4ನ್ನು, ಎರಡನೆಯದರಲ್ಲಿ ಶೇಕಡಾ 64ನ್ನು! ಎಫ್/4ರಲ್ಲಿ ಕಾಣದ ಧೂಳು ಎಫ್/16ರಲ್ಲಿ ಆಕಾಶದ ತುಂಬ ಕಪ್ಪು ಚುಕ್ಕೆಯಾಗಿ ಕಾಣುವುದು ಇದರಿಂದಲೇ.

ಡಿ90ರಲ್ಲಿ ಈ ಗಾಜನ್ನು ಕಂಪಿಸಿ ಧೂಳು ಉದುರಿಸುವ ಏರ್ಪಾಡಿದೆ. ಹತ್ತು ವರ್ಷ ಕಿರಿಯವಾದ ಡಿ3500ರಲ್ಲಿ ಇಲ್ಲ, 1500ಡಿಯಲ್ಲಿಯೂ ಇಲ್ಲ. ಬೆಲೆ ಇಳಿಸಲು ತೆಗೆದುಹಾಕಿದ ಸೌಲಭ್ಯಗಳನ್ನು ಜಾಹೀರಾತುಗಳು ಹೇಳುವುದಿಲ್ಲ. ನಮ್ಮ ಹೋಲಿಕೆ ಪಟ್ಟಿಗಳೂ ಇದನ್ನು ಕೊನೆಯ ಸಾಲಿಗೆ ತಳ್ಳುತ್ತವೆ. ಕೆಜಿಎಫ್‌ನ ಮಟ್ಟಿಗೆ ಇದೇ ಮೊದಲ ಸಾಲು.

ಹಾಗೆಂದು ದಿಬ್ಬದ ಮೇಲೆ ಹತ್ತಬೇಡಿ. ಅನುಮತಿಯಿಲ್ಲದೆ ಗಣಿಯ ಆವರಣಕ್ಕೆ ನುಗ್ಗಲೂಬೇಡಿ. ಮುಚ್ಚಿದ ಗಣಿಯ ನೆಲವನ್ನು ನಂಬುವಂತಿಲ್ಲ. ದೂರದ ರಸ್ತೆಯಿಂದಲೇ ಒಳ್ಳೆಯ ಚಿತ್ರ ಬರುತ್ತದೆ.

ಮಧ್ಯಾಹ್ನದ ಬಿಸಿಲಿಗೆ ದಿಬ್ಬ ಬೆಳ್ಳಗೆ ಹೊಳೆಯುತ್ತಿರುತ್ತದೆ, ಮುಂದೆ ತುಕ್ಕು ಹಿಡಿದ ಬಾವಿಗೋಪುರದ ಉಕ್ಕು ಕಪ್ಪಗಿರುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಸಂವೇದಕದ ಬೆಳಕಿನ ವ್ಯಾಪ್ತಿ ದೊಡ್ಡದಿರಬೇಕು. ಇಲ್ಲೊಂದು ವಿನೋದವಿದೆ. ಕಚ್ಚಾ ಕಡತವನ್ನು 1500ಡಿ ಬರೆಯುವುದು 14 ಬಿಟ್‌ಗಳಲ್ಲಿ, ಡಿ3500 ಬರೆಯುವುದು 12ರಲ್ಲಿ. ಪಟ್ಟಿ ನೋಡಿದವರು ಕ್ಯಾನನ್ ಮೇಲು ಎನ್ನುತ್ತಾರೆ. ಆದರೆ ಕತ್ತಲೆಯ ಭಾಗವನ್ನು ಕಂಪ್ಯೂಟರಿನಲ್ಲಿ ಬೆಳಗಿಸಿ ನೋಡಿ: ಡಿ3500ರ ಚಿತ್ರದಲ್ಲಿ ಉಕ್ಕಿನ ರಿವೆಟ್ಟುಗಳು ಕಾಣುವಲ್ಲಿ 1500ಡಿಯ ಚಿತ್ರದಲ್ಲಿ ಬಣ್ಣಬಣ್ಣದ ಗದ್ದಲ ಎದ್ದು ಬರುತ್ತದೆ. ಅಳೆಯುವ ಕೋಲಿನ ಗೆರೆಗಳು ಸಣ್ಣದಾದ ಮಾತ್ರಕ್ಕೆ ನಡುಗುವ ಕೈ ನಿಲ್ಲುವುದಿಲ್ಲವಷ್ಟೆ. ಡಿ90 ಕೂಡ ಈ ಒಂದು ವಿಷಯದಲ್ಲಿ 1500ಡಿಗೆ ಹಿಂದೆ ಬೀಳುವುದಿಲ್ಲ. ಸಂಜೆಗತ್ತಲಲ್ಲಿ ಐಎಸ್‌ಓ 1600 ದಾಟಿದರೆ ಮಾತ್ರ ಅದರ ವಯಸ್ಸು ಕಾಣುತ್ತದೆ.

ಇನ್ನು ‘ದೃಶ್ಯಕ್ಕೆ ಎಫ್/22 ಇಡಿ’ ಎಂಬ ಹಳೆಯ ಸಲಹೆ. ಬೆಳಕಿಂಡಿ ಕಿರಿದಾದಂತೆ ವಿವರ್ತನೆಯಿಂದ ಒಂದು ಬಿಂದುವಿನ ಪ್ರತಿಬಿಂಬ ಬಿಲ್ಲೆಯಾಗಿ ಹರಡುತ್ತದೆ. ಬಿಲ್ಲೆಯ ವ್ಯಾಸ 2.44 × ತರಂಗದೂರ × ಎಫ್ ಸಂಖ್ಯೆ. ಹಸಿರು ಬೆಳಕಿಗೆ (0.55 ಮೈಕ್ರೊಮೀಟರ್) ಎಫ್/16ರಲ್ಲಿ ಇದು 21 ಮೈಕ್ರೊಮೀಟರ್ ದಾಟುತ್ತದೆ. ಡಿ3500ರ ಒಂದು ಪಿಕ್ಸೆಲ್ ಸುಮಾರು 3.9 ಮೈಕ್ರೊಮೀಟರ್. ಒಂದು ಬಿಂದು ಐದೂವರೆ ಪಿಕ್ಸೆಲ್ ಅಗಲ ಹರಡಿದ ಮೇಲೆ 24 ಮೆಗಾಪಿಕ್ಸೆಲ್ ಎಲ್ಲಿ ಉಳಿಯಿತು? ಎಫ್/8ಕ್ಕೆ ನಿಲ್ಲಿಸಿ. ಧೂಳಿನ ಚುಕ್ಕೆಗಳೂ ಮಂಕಾಗುತ್ತವೆ.

ಮಾರಿಕುಪ್ಪಂನಿಂದ ರೈಲು ಹತ್ತಿ ಬಂಗಾರಪೇಟೆಗೆ ಇಳಿದರೆ ಪರೀಕ್ಷೆ ಬದಲಾಗುತ್ತದೆ. ಇದು ಬೆಂಗಳೂರು–ಚೆನ್ನೈ ಮುಖ್ಯ ಮಾರ್ಗದ ಜಂಕ್ಷನ್. ಗಂಟೆಗೆ 100 ಕಿ.ಮೀ. ವೇಗದ ರೈಲು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಷಟರ್ ವೇಗ ಸೆಕೆಂಡಿನ 1/1000 ಇದ್ದರೂ ಅಷ್ಟರಲ್ಲಿ ಅದು 28 ಮಿ.ಮೀ. ಸರಿದಿರುತ್ತದೆ. ಚಿತ್ರದ ಅಗಲದಲ್ಲಿ 20 ಮೀಟರ್ ಉದ್ದದ ಬೋಗಿ ಹಿಡಿಸಿದರೆ ಡಿ3500ರಲ್ಲಿ ಎಂಟು ಪಿಕ್ಸೆಲ್, ಡಿ90ರಲ್ಲಿ ಆರು ಪಿಕ್ಸೆಲ್‌ನಷ್ಟು ಮಸುಕು. ಒಂದೇ ಅಳತೆಗೆ ಮುದ್ರಿಸಿದರೆ ಎರಡೂ ಒಂದೇ. ಮೂರರಲ್ಲೂ 1/4000 ಇದೆ, ಬಿಸಿಲಿದ್ದರೆ ಬಳಸಿ. ಇಲ್ಲವೆ ಪ್ಲಾಟ್‌ಫಾರಂನ ಹಳದಿ ಗೆರೆಯ ಹಿಂದೆ ನಿಂತು, ರೈಲು ನಿಮ್ಮತ್ತ ಓರೆಯಾಗಿ ಬರುವಾಗ ಒತ್ತಿ. ಅಡ್ಡ ಚಲನೆ ಕಡಿಮೆಯಾಗುತ್ತದೆ. ಇಲ್ಲಿ 1500ಡಿ ಸೋಲುವುದು ಸೆಕೆಂಡಿಗೆ ಮೂರೇ ಚಿತ್ರ ಎಂಬುದರಿಂದ. ಡಿ3500 ಐದು, ಡಿ90 ನಾಲ್ಕೂವರೆ. ಡಿ90ರ ವ್ಯೂಫೈಂಡರಿನಲ್ಲಿರುವುದು ಗಾಜಿನ ಪಂಚಮುಖಿ ಪಟ್ಟಕ. ಉಳಿದೆರಡರಲ್ಲಿ ಕನ್ನಡಿಗಳ ಜೋಡಣೆ. ಒಮ್ಮೆ ಕಣ್ಣಿಟ್ಟು ನೋಡಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ.

ಕ್ಯಾನನ್ ಪರವಾಗಿ ಒಂದು ಮಾತು ಹೇಳಲೇಬೇಕು. ಡಿ3500ರ ಒಡಲಲ್ಲಿ ನಾಭೀಕರಣದ ಮೋಟಾರು ಇಲ್ಲ. ಹಳೆಯ ಎಎಫ್-ಡಿ ಮಸೂರ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಕೈಯಲ್ಲೇ ತಿರುಗಿಸಬೇಕು. ಡಿ90ರಲ್ಲಿ ಮೋಟಾರು ಇದೆ. ಕ್ಯಾನನ್ ಇಎಫ್ ಮಸೂರಗಳಲ್ಲಿ ಮೋಟಾರು ಮಸೂರದ ಒಳಗೇ ಇರುವುದರಿಂದ 1500ಡಿಗೆ ಈ ತಾಪತ್ರಯವಿಲ್ಲ. ಆದರೆ ಅದೊಂದಕ್ಕಾಗಿ ನಾನು ಅದನ್ನು ಆರಿಸಲಾರೆ. ಒಂದೇ ಮಸೂರ ಹಾಕಿಕೊಂಡು, ಅದನ್ನು ಹೊರಗೆ ಬಿಚ್ಚದೆ ತಿರುಗುವವರಿಗೆ ಹಗುರವಾದ ಡಿ3500. ಮಸೂರ ಬದಲಿಸುವವರಿಗೆ, ರೈಲಿನ ಹುಚ್ಚಿನವರಿಗೆ ಡಿ90.

ಹಣ ಕೊಡುವ ಮುನ್ನ ಎರಡು ಪರೀಕ್ಷೆ ಮಾಡಿ. ಎಫ್/16ರಲ್ಲಿ ಬರಿ ಆಕಾಶದ ಚಿತ್ರ ತೆಗೆದು ಚುಕ್ಕೆಗಳನ್ನು ಎಣಿಸಿ. ಬಳಿಕ ಮಸೂರದ ಮುಚ್ಚಳ ಹಾಕಿ, ಕ್ಯಾಮೆರಾವನ್ನು ಮೇಲ್ಮುಖವಾಗಿಟ್ಟು, ಗದ್ದಲ ಕಳೆಯುವ ಸೌಲಭ್ಯವನ್ನು ಆರಿಸಿ, 30 ಸೆಕೆಂಡಿನ 20 ಚಿತ್ರ ತೆಗೆಯಿರಿ. ಪ್ರತಿ ಚಿತ್ರದಲ್ಲೂ ಒಂದೇ ಜಾಗದಲ್ಲಿ ಹೊಳೆಯುವ ಚುಕ್ಕೆ ಕೆಟ್ಟ ಪಿಕ್ಸೆಲ್. ಒಂದೇ ಚಿತ್ರದಲ್ಲಿ ಕಂಡು ಮಾಯವಾದರೆ ಮಾರುವವರನ್ನು ದೂರಬೇಡಿ. ಅದು ಸುತ್ತಲಿನ ವಿಕಿರಣದ್ದೊ, ವಿಶ್ವಕಿರಣಗಳಿಂದ ಹುಟ್ಟಿದ ಮ್ಯೂಆನ್‌ದೊ ಗುರುತು. ನೆಲಮಟ್ಟದಲ್ಲಿ ಚದರ ಸೆಂ.ಮೀ.ಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಹಾಯುತ್ತದೆ. ಡಿ3500ರ ಸಂವೇದಕದ ವಿಸ್ತೀರ್ಣ ಸುಮಾರು 3.7 ಚದರ ಸೆಂ.ಮೀ.; ಹತ್ತು ನಿಮಿಷದಲ್ಲಿ ಸುಮಾರು 37 ಹಾದುಹೋಗಬೇಕು, ಎಲ್ಲವೂ ಕಣ್ಣಿಗೆ ಕಾಣುವಷ್ಟು ಗುರುತು ಬಿಡದಿರಬಹುದು. ಈ ಮ್ಯೂಆನ್‌ಗಳ ಕಾಟ ತಪ್ಪಿಸಿಕೊಳ್ಳಲೆಂದೇ ವಿಜ್ಞಾನಿಗಳು ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿ.ಮೀ. ಆಳಕ್ಕೆ ಇಳಿದದ್ದು, 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಗುರುತಿಸಿದ್ದು. ನಿಮ್ಮ 20 ಚಿತ್ರಗಳನ್ನು ತರಗತಿಗೆ ಒಯ್ದು, ಮಕ್ಕಳಿಂದ ಚುಕ್ಕೆಗಳನ್ನು ಎಣಿಸಿ 37ರೊಡನೆ ಹೋಲಿಸಿಸಿ.