ಕೀಟ್ಸನ ಕಾಲ್ನಡೆಯ ಪತ್ರಗಳು: ಚರಿತ್ರೆಯ ದೃಷ್ಟಿಯಿಂದ ಒಂದು ವಿಮರ್ಶೆ

1818ನೆಯ ಇಸವಿ ಜೂನ್ ತಿಂಗಳ ಕೊನೆಯ ವಾರದಲ್ಲಿ ಕವಿ ಜಾನ್ ಕೀಟ್ಸನು ತನ್ನ ಗೆಳೆಯ ಚಾರ್ಲ್ಸ್ ಬ್ರೌನನೊಡನೆ, ಬೆನ್ನಿಗೊಂದು ಚೀಲವನ್ನು ಕಟ್ಟಿಕೊಂಡು, ಇಂಗ್ಲೆಂಡಿನ ವಾಯವ್ಯ ಭಾಗದ ಸರೋವರ ಪ್ರಾಂತದಲ್ಲಿ ನಡೆದನು. ಅಮೆರಿಕಕ್ಕೆ ಹೊರಟಿದ್ದ ತಮ್ಮ ಜಾರ್ಜನನ್ನೂ ಆತನ ನವವಧುವನ್ನೂ ಲಿವರ್‌ಪೂಲಿನಲ್ಲಿ ಬೀಳ್ಕೊಟ್ಟು, ಲ್ಯಾಂಕಾಸ್ಟರಿನಿಂದ ಕಾಲ್ನಡೆಯನ್ನು ಆರಂಭಿಸಿ, ಕೆಂಡಲ್, ಬೋನೆಸ್, ಆಂಬಲ್‌ಸೈಡ್, ಕೆಸ್ವಿಕ್ ಮಾರ್ಗವಾಗಿ ಗೆಳೆಯರಿಬ್ಬರೂ ಜುಲೈ 1ರಂದು ಕಾರ್ಲೈಲನ್ನು ಸೇರಿದರು. ಮನೆಯಲ್ಲಿ ಕಾಯಿಲೆಯಿಂದಿದ್ದ ಕಿರಿಯ ತಮ್ಮ ಟಾಮನಿಗೆ ಕೀಟ್ಸನು ದಾರಿಯುದ್ದಕ್ಕೂ ಬರೆದ ಪತ್ರಗಳು ಉಳಿದುಬಂದಿವೆ. ಈ ಪತ್ರಗಳೇ ನಮ್ಮ ವಿಮರ್ಶೆಯ ವಸ್ತು.

ಸಾಹಿತ್ಯ ವಿಮರ್ಶಕರು ಈ ಪತ್ರಗಳನ್ನು ಬಹುಮಟ್ಟಿಗೆ 'ಹೈಪೀರಿಯನ್' ಕಾವ್ಯದ ಕಚ್ಚಾ ಸಾಮಗ್ರಿಯೆಂದೇ ಓದುತ್ತ ಬಂದಿದ್ದಾರೆ. ಕೆಸ್ವಿಕ್ಕಿನ ಸಮೀಪದ ಕ್ಯಾಸಲ್‌ರಿಗ್ಗಿನ ಶಿಲಾವೃತ್ತವು ಆ ಕಾವ್ಯದ ಎರಡನೆಯ ಭಾಗದಲ್ಲಿ ಉಪಮಾನವಾಗಿ ಬಂದಿತೆಂಬುದು ತರಗತಿಗಳಲ್ಲಿ ಪ್ರತಿವರ್ಷವೂ ಕೇಳಿಬರುವ ಮಾತು. ಮಾತು ಸುಳ್ಳಲ್ಲ. ಆದರೆ ಪತ್ರವೊಂದನ್ನು ಕಾವ್ಯದ ಅಡಿಟಿಪ್ಪಣಿಯನ್ನಾಗಿ ಇಳಿಸಿಬಿಟ್ಟರೆ ಅದರಲ್ಲಿರುವ ಸಾಕ್ಷ್ಯದ ಬಹುಭಾಗವು ಕಣ್ಣಿಗೆ ಬೀಳದೆ ಹೋಗುತ್ತದೆ. ದೃಶ್ಯವರ್ಣನೆಯು ಎಲ್ಲಿ ಹಿಂದೆ ಸರಿದು ಮನುಷ್ಯರು ಮುಂದೆ ಬರುತ್ತಾರೆಯೋ ಅಲ್ಲಿಯೇ ಈ ಪತ್ರಗಳ ನಿಜವಾದ ಬೆಲೆಯಿದೆ ಎಂಬುದು ನಮ್ಮ ಅಭಿಪ್ರಾಯ.

ರೈಡಲ್ ಗ್ರಾಮದ ಪ್ರಸಂಗವನ್ನೇ ನೋಡಬಹುದು. ವರ್ಡ್ಸ್‌ವರ್ತನನ್ನು ಕಾಣಬೇಕೆಂದು ಕೀಟ್ಸನು ಬಹಳ ಆಸೆಯಿಂದ ಹೊರಟಿದ್ದನು. ಬೋನೆಸ್ಸಿನ ಊಟದ ಮನೆಯಲ್ಲಿ ಪರಿಚಾರಕನೊಬ್ಬನನ್ನು ವಿಚಾರಿಸಲು, ಆ ಹಿರಿಯ ಕವಿಯು ಕೆಲವು ದಿನಗಳ ಹಿಂದೆ ಅಲ್ಲಿಗೆ ಬಂದು ಲೌದರ್ ಮನೆತನದ ಪರವಾಗಿ ಮತಯಾಚನೆ ಮಾಡಿ ಹೋದನೆಂದು ತಿಳಿಯಿತು. ವೆಸ್ಟ್‌ಮೋರ್‌ಲೆಂಡಿನ ಎರಡು ಸ್ಥಾನಗಳಿಗೂ ಲಾರ್ಡ್ ಲಾನ್ಸ್‌ಡೇಲನ ಇಬ್ಬರು ಮಕ್ಕಳು ನಿಂತಿದ್ದರು. ಎದುರಾಳಿಯಾಗಿದ್ದವನು ವ್ಹಿಗ್ ಪಕ್ಷದ ಹೆನ್ರಿ ಬ್ರೂಮ್. 1813ರಲ್ಲಿ ವರ್ಡ್ಸ್‌ವರ್ತನಿಗೆ ಸ್ಟಾಂಪು ವಿತರಣಾಧಿಕಾರಿಯ ಹುದ್ದೆಯು ದೊರೆತದ್ದು ಲಾನ್ಸ್‌ಡೇಲನ ಆಶ್ರಯದಿಂದ. ಚುನಾವಣೆಗಾಗಿ ಆತನು ಅದೇ 1818ರಲ್ಲಿ ಭೂಹಿಡುವಳಿದಾರರನ್ನು ಉದ್ದೇಶಿಸಿ ಎರಡು ವಿಜ್ಞಾಪನೆಗಳನ್ನೂ ಅಚ್ಚು ಹಾಕಿಸಿದ್ದನು. ಕೀಟ್ಸನು ಟಾಮನಿಗೆ ಬರೆಯುವಾಗ ಇದನ್ನು ದುಃಖದ ಸಂಗತಿಯೆಂದು ಮತ್ತೆ ಮತ್ತೆ ಹೇಳಿಕೊಳ್ಳುತ್ತಾನೆ. ಒಡನೆಯೇ, ಆ ಮನೆತನವು ವರ್ಡ್ಸ್‌ವರ್ತನಿಗೆ ಸದಾ ಸ್ನೇಹದಿಂದಿತ್ತೆಂಬ ಸಮಾಧಾನವನ್ನೂ ಸೇರಿಸುತ್ತಾನೆ. ಮರುದಿನ ರೈಡಲ್ ಮೌಂಟಿಗೆ ಹೋದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಕವಿಯು ಒಂದು ಚೀಟಿಯನ್ನು ಬರೆದಿಟ್ಟು ಹಿಂದಿರುಗಿದನು.

ಜೀವನಚರಿತ್ರಕಾರರು ಇದನ್ನು ಕೈತಪ್ಪಿದ ಭೇಟಿಯೆಂದು ಎಣಿಸಿ ಮರುಗುತ್ತಾರೆ. ಚರಿತ್ರೆಯ ವಿದ್ಯಾರ್ಥಿಗೆ ಭೇಟಿಗಿಂತ ಆ ಪರಿಚಾರಕನ ಮಾತು ಹೆಚ್ಚಿನದು. ನೆಪೋಲಿಯನ್ನನ ಯುದ್ಧಗಳು ಮುಗಿದು ಮೂರೇ ವರ್ಷಗಳಾಗಿದ್ದ ಆ ಕಾಲದಲ್ಲಿ ಸರೋವರದ ದಂಡೆಯಲ್ಲಿ ಜನರು ಏನನ್ನು ಕುರಿತು ಮಾತನಾಡುತ್ತಿದ್ದರೆಂಬುದು, ಅದರಲ್ಲಿ ಕವಿಗಳ ಪಾತ್ರವೇನಿತ್ತೆಂಬುದು, ಅಂದಿನ ಒಂದು ಪತ್ರದಿಂದಲೇ ನಮಗೆ ಸಿಕ್ಕುತ್ತದೆ. ಪ್ರಕೃತಿಯ ಏಕಾಂತವೆಂದು ನಮ್ಮ ಪಠ್ಯಪುಸ್ತಕಗಳು ಚಿತ್ರಿಸುವ ಆ ಪ್ರಾಂತವು ಅಂದು ಚುನಾವಣೆಯ ಗದ್ದಲದಲ್ಲಿ ಮುಳುಗಿದ್ದಿತು. ಲ್ಯಾಂಕಾಸ್ಟರಿನಲ್ಲಿ ಇದೇ ಗದ್ದಲದ ದೆಸೆಯಿಂದ ಗೆಳೆಯರಿಗೆ ಊಟ ವಸತಿಗಳೇ ಕಷ್ಟವಾದವು. ವಿಂಡರ್‌ಮಿಯರ್ ಸರೋವರವನ್ನು ಮನಸಾರೆ ಮೆಚ್ಚಿದ ಕೀಟ್ಸನು, ಲಂಡನ್ನಿನ ಷೋಕಿಯ ಜನರು ಅದರ ದಡವನ್ನು ಕೆಡಿಸಿದ್ದಾರೆಂದು ಕೋಪಿಸಿಕೊಳ್ಳುತ್ತಾನೆ. ಆತನೂ ಲಂಡನ್ನಿನಿಂದಲೇ ಬಂದವನೆಂಬುದನ್ನು ಇಲ್ಲಿ ನೆನೆಯದಿರುವುದು ಕಷ್ಟ!

ಸ್ಕಿಡಾ ಪರ್ವತದ ಆರೋಹಣವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಬೆಳಗಿನ ನಾಲ್ಕು ಗಂಟೆಗೆ ಹೊರಟರು. ತುದಿಯ ಹತ್ತಿರ ಮಂಜು ಕವಿದು ನೋಟವನ್ನು ಮುಚ್ಚಿತು. ಅದರ ಬೆನ್ನಿಗೇ ಬರುವ ಐರ್‌ಬಿ ಗ್ರಾಮದ ವರ್ಣನೆಯಾದರೋ ಈ ಪತ್ರಮಾಲೆಯ ಶಿಖರ. ಅಲ್ಲಿಯ ಹೋಟೆಲಿನಲ್ಲಿ ಹಳ್ಳಿಯ ಹುಡುಗ ಹುಡುಗಿಯರು ನೃತ್ಯಾಭ್ಯಾಸ ಮಾಡುತ್ತಿದ್ದರು. ನೆಲವನ್ನು ಬಡಿಯುತ್ತ ಅವರು ಕುಣಿದುದನ್ನು ಕಂಡು ಕೀಟ್ಸನಿಗೆ ಉಂಟಾದ ಭಾವನೆಯು ದೇಶಪ್ರೇಮದ್ದು. ನಾಡೊಂದನ್ನು ಸುಖದಲ್ಲಿರಿಸುವುದರ ಹಿರಿಮೆಯು ತನಗೆ ಅಷ್ಟು ಸಮೀಪವಾಗಿ ಎಂದೂ ತೋರಿರಲಿಲ್ಲವೆಂದೂ, ದೃಶ್ಯಗಳಿಗಿಂತ ಇದೇ ತನಗೆ ಪ್ರಿಯವೆಂದೂ ಆತನು ಬರೆಯುತ್ತಾನೆ. ದೃಶ್ಯಗಳನ್ನು ನೋಡಲೆಂದೇ ನೂರಾರು ಮೈಲಿ ಹೊರಟ ಯುವಕನ ಮಾತಿದು.

ಆದರೂ ಈ ಸಾಕ್ಷಿಯ ಮಿತಿಯನ್ನು ಗುರುತಿಸಲೇಬೇಕು. ಒಂದು ವಾರ ನಡೆದುಹೋದವನಿಗೆ ಜನರು ಕಂಡರು, ಅವರ ಸ್ಥಿತಿಯ ಕಾರಣಗಳು ಕಾಣಲಿಲ್ಲ. ಕಾರಣಗಳನ್ನು ಅರಿಯಬೇಕಾದರೆ ನಾವು ಯಾರನ್ನು ಕೀಟ್ಸನು ಮನೆಯಲ್ಲಿ ಕಾಣಲಾರದೆ ಹೋದನೋ ಅವನ ಗದ್ಯಕ್ಕೇ ಹೋಗಬೇಕು. 1810ರಲ್ಲಿ ಹೆಸರಿಲ್ಲದೆ ಪ್ರಕಟವಾಗಿ, 1835ರಲ್ಲಿ ಐದನೆಯ ಮುದ್ರಣವನ್ನು ಕಂಡ ವರ್ಡ್ಸ್‌ವರ್ತನ ಸರೋವರ ಪ್ರಾಂತದ ಮಾರ್ಗದರ್ಶಿಯು ಪ್ರವಾಸಿಗಳ ಕೈಪಿಡಿ ಮಾತ್ರವಲ್ಲ. ಸಣ್ಣ ಹಿಡುವಳಿಯ ಕುರುಬ ಒಕ್ಕಲಿಗರು ಮನೆಯಲ್ಲಿ ನೂಲು ತೆಗೆದು ಸಂಪಾದಿಸುತ್ತಿದ್ದ ಹಣವು ಯಂತ್ರಗಳು ಬಂದಮೇಲೆ ನಿಂತುಹೋಯಿತು. ಸಾಲಕ್ಕೆ ಸಿಕ್ಕಿದ ಜಮೀನು ಹೊರಗಿನ ಶ್ರೀಮಂತರ ಪಾಲಾಯಿತು ಎಂಬುದನ್ನು ಅದು ಸ್ಪಷ್ಟವಾಗಿ ಹೇಳುತ್ತದೆ. ಲೌದರರ ಪರವಾಗಿ ಮತ ಕೇಳಿದವನೂ ಇದನ್ನು ಬರೆದವನೂ ಒಬ್ಬನೇ ಎಂಬುದು ವಿಚಾರಾರ್ಹವಾಗಿದೆ. 2017ರಲ್ಲಿ ಯುನೆಸ್ಕೋ ಈ ಪ್ರಾಂತವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಅದನ್ನು ಕೇವಲ ನಿಸರ್ಗವೆಂದೆಣಿಸದೆ ಒಕ್ಕಲುತನವು ರೂಪಿಸಿದ ಸಾಂಸ್ಕೃತಿಕ ಭೂದೃಶ್ಯವೆಂದು ಪರಿಗಣಿಸಿತು.

ಬ್ರೌನನ ವಿಷಯವಾಗಿ ಒಂದು ಮಾತು. ಆತನು ಇದೇ ಪ್ರಯಾಣದ ವೃತ್ತಾಂತವನ್ನು 1840ರಲ್ಲಿ, ಎಂದರೆ ಇಪ್ಪತ್ತೆರಡು ವರ್ಷಗಳ ತರುವಾಯ, ಪ್ಲಿಮತ್ತಿನ ವಾರಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಅಷ್ಟರಲ್ಲಿ ಕೀಟ್ಸನು ಸತ್ತು ಹತ್ತೊಂಬತ್ತು ವರ್ಷಗಳಾಗಿದ್ದವು. ವಿವರಗಳು ಅದರಲ್ಲಿ ಹೇರಳ, ಹಾಸ್ಯವೂ ಉಂಟು. ಆದರೆ ಗತಿಸಿದ ಗೆಳೆಯನ ನೆನಪು ಪ್ರತಿ ಪುಟವನ್ನೂ ಬಣ್ಣಗೂಡಿಸಿದೆ. ಇವೆರಡು ಬರಹಗಳು ಭಿನ್ನವಾದೆಡೆಯಲ್ಲಿ, ದಾರಿಯಲ್ಲಿಯೇ ಬರೆದುದನ್ನು ನಾವು ಮೊದಲು ನಂಬತಕ್ಕದ್ದು.