ಹಳೆಯ ಬೀದಿಚಿತ್ರಗಳಲ್ಲಿ ಮೋಟಾರು ವಾಹನ: ಕಾಲನಿರ್ಣಯದ ಸಾಧ್ಯತೆ ಮತ್ತು ಮಿತಿ

ಛಾಯಾಚಿತ್ರವೂ ಚರಿತ್ರೆಯ ಆಕರವೆಂಬುದನ್ನು ಒಪ್ಪಿಕೊಂಡು ಬಹಳ ಕಾಲವಾಗಿದ್ದರೂ ಅದನ್ನು ಓದುವ ಕ್ರಮ ಕನ್ನಡ ಸಂಶೋಧನೆಯಲ್ಲಿ ಇನ್ನೂ ಖಚಿತ ರೂಪವನ್ನು ಪಡೆದಿಲ್ಲ. ಶಾಸನವೊಂದು ದೊರೆತರೆ ಅದರ ಲಿಪಿ, ಭಾಷೆ, ತೇದಿ, ಕಲ್ಲಿನ ಸ್ವರೂಪ ಎಲ್ಲವನ್ನೂ ಪರೀಕ್ಷಿಸುವ ವಿದ್ವಾಂಸರು, ಹಳೆಯ ಬೀದಿಯೊಂದರ ಚಿತ್ರ ದೊರೆತಾಗ ಅದರ ಕೆಳಗೆ ಯಾರೋ ಬರೆದ ಸಾಲನ್ನು ನಂಬಿ ಮುಂದೆ ಸಾಗುವುದುಂಟು. ಊರಿನ ಸ್ಮರಣಸಂಚಿಕೆಗಳಲ್ಲಿ, ಶಾಲೆಗಳ ಶತಮಾನೋತ್ಸವ ಸಂಪುಟಗಳಲ್ಲಿ ಅಚ್ಚಾಗುವ ‘ಸುಮಾರು 1930’ ಎಂಬಂಥ ಅಡಿಬರಹಗಳು ಬಹುಮಟ್ಟಿಗೆ ಊಹೆಯ ಫಲ. ಒಮ್ಮೆ ಅಚ್ಚಾದ ಊಹೆ ಮುಂದಿನ ಪುಸ್ತಕದಲ್ಲಿ ಆಧಾರವಾಗುತ್ತದೆ. ಅದರ ಮುಂದಿನ ಪುಸ್ತಕದಲ್ಲಿ ಸತ್ಯವೇ ಆಗುತ್ತದೆ. ಆದರೆ ಅದೇ ಚಿತ್ರದ ನಡುವೆ ನಿಂತಿರುವ ಒಂದು ಕಾರೋ ಬಸ್ಸೋ ಆ ಊಹೆಯನ್ನು ಪರೀಕ್ಷಿಸಬಲ್ಲ ಸಾಕ್ಷಿಯಾಗಿರುತ್ತದೆ. ಆ ಸಾಕ್ಷಿಯನ್ನು ಹೇಗೆ ವಿಚಾರಿಸಬೇಕು, ಅದರ ಮಾತನ್ನು ಎಲ್ಲಿಯವರೆಗೆ ನಂಬಬೇಕು ಎಂಬುದನ್ನು ಕರ್ನಾಟಕದ ಸಂದರ್ಭದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಕ್ಷೇತ್ರದಲ್ಲಿ ಎರಡು ಬಗೆಯ ನೋಟಗಳಿವೆ. ಹಳೆಯ ವಾಹನಗಳ ಆಸಕ್ತರು ಕಾರಿನ ತಯಾರಕರನ್ನು, ಮಾದರಿಯನ್ನು ಕ್ಷಣದಲ್ಲಿ ಗುರುತಿಸುತ್ತಾರೆ. ಅದರ ಪಕ್ಕದಲ್ಲಿ ನಿಂತ ಜಟಕಾದವನನ್ನು ಕಾಣುವುದಿಲ್ಲ. ಜಾನಪದ ವಿದ್ವಾಂಸರು ಜಟಕಾದವನನ್ನು ಕಾಣುತ್ತಾರೆ. ಕಾರನ್ನು ಪರಕೀಯ ಯಂತ್ರವೆಂದು ಬದಿಗೆ ಸರಿಸುತ್ತಾರೆ. ನೇಗಿಲು, ಗಾಣ, ಎತ್ತಿನಗಾಡಿಗಳನ್ನು ಭೌತಿಕ ಸಂಸ್ಕೃತಿಯ ವ್ಯಾಪ್ತಿಗೆ ಸೇರಿಸಿಕೊಂಡ ನಮ್ಮ ಅಧ್ಯಯನಗಳು, ಹಳ್ಳಿಗೂ ಪೇಟೆಗೂ ನಡುವಣ ಸಂಬಂಧವನ್ನೇ ಬದಲಿಸಿದ ಮೋಟಾರನ್ನು ಹೊರಗಿಟ್ಟವು. ಈ ಎರಡು ನೋಟಗಳು ಕೂಡದಿದ್ದರೆ ಚಿತ್ರದ ಅರ್ಧ ಭಾಗ ಮಾತ್ರ ಓದಿಗೆ ಸಿಗುತ್ತದೆ.

ಕಾಲನಿರ್ಣಯದ ಮೊದಲ ಸೂತ್ರ ಸರಳವಾದುದು. ವಾಹನವು ಚಿತ್ರದ ತೇದಿಯನ್ನು ಹೇಳುವುದಿಲ್ಲ. ಚಿತ್ರವು ಯಾವ ವರ್ಷಕ್ಕಿಂತ ಮುಂಚಿನದಾಗಿರಲಾರದು ಎಂಬುದನ್ನು ಮಾತ್ರ ಹೇಳುತ್ತದೆ. ಫೋರ್ಡ್ ಸಂಸ್ಥೆಯ ‘ಟಿ’ ಮಾದರಿ 1908ರಿಂದ 1927ರವರೆಗೆ ತಯಾರಾಯಿತು. ಆದುದರಿಂದ ಆ ಕಾರಿರುವ ಚಿತ್ರ 1927ಕ್ಕಿಂತ ಹಿಂದಿನದೆಂದು ತೀರ್ಮಾನಿಸುವುದು ತಪ್ಪು. ಅದು 1940ರದೂ ಆಗಿರಬಹುದು. ವಾಹನ ದುಬಾರಿಯಾದ, ದುರಸ್ತಿಯ ಕೂಲಿ ಅಗ್ಗವಾದ ನಾಡಿನಲ್ಲಿ ಒಂದು ಮೋಟಾರು ಮೂರು ನಾಲ್ಕು ಒಡೆಯರ ಕೈದಾಟಿ ದಶಕಗಳ ಕಾಲ ಓಡುತ್ತದೆ. ಹೀಗಾಗಿ ಚಿತ್ರದಲ್ಲಿರುವ ಅತ್ಯಂತ ಹಳೆಯ ವಾಹನವಲ್ಲ, ಅತ್ಯಂತ ಹೊಸ ವಾಹನವೇ ಕಾಲದ ಕೆಳಗಡಿಯನ್ನು ನಿರ್ಧರಿಸುತ್ತದೆ. ಅಡಿಬರಹಗಳ ದೋಷಗಳಲ್ಲಿ ಹೆಚ್ಚಿನವು ಈ ಭೇದವನ್ನು ಮರೆತದ್ದರಿಂದ ಹುಟ್ಟಿದವು.

ಕಾರುಗಳ ರೂಪವಿಕಾಸದಲ್ಲಿ ಬರಿಗಣ್ಣಿಗೆ ಕಾಣುವ ಕೆಲವು ಘಟ್ಟಗಳಿವೆ. ದೀಪಗಳು ಮಡ್‌ಗಾರ್ಡಿನಿಂದ ಬೇರೆಯಾಗಿ ಎದ್ದು ನಿಂತಿದ್ದರೆ, ಬಾಗಿಲ ಕೆಳಗೆ ಉದ್ದನೆಯ ಫುಟ್‌ಬೋರ್ಡ್ ಇದ್ದರೆ ಅದು ಸಾಮಾನ್ಯವಾಗಿ ಎರಡನೆಯ ಮಹಾಯುದ್ಧಕ್ಕೆ ಮುಂಚಿನ ವಿನ್ಯಾಸ. ಜನರಲ್ ಮೋಟಾರ್ಸ್ ಮುಂಬಯಿಯ ಶಿವಡಿಯಲ್ಲಿ 1928ರಲ್ಲಿ ಜೋಡಣೆಯನ್ನು ಆರಂಭಿಸಿದ ಮೇಲೆ ಷೆವ್ರೊಲೆ ಕಾರುಗಳೂ ಲಾರಿ ಚಾಸಿಗಳೂ ದೇಶದೊಳಗೆ ಸುಲಭವಾಗಿ ದೊರೆಯತೊಡಗಿದವು. 1950ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಕಂಪನಿಗಳು ಭಾರತದ ಜೋಡಣೆಯಿಂದ ಹಿಂದೆ ಸರಿದವು. ಆ ಮೇಲಿನ ಬೀದಿಚಿತ್ರಗಳಲ್ಲಿ ಕಾರುಗಳ ವೈವಿಧ್ಯ ಕ್ರಮೇಣ ಕುಗ್ಗಿ, ಹಿಂದೂಸ್ತಾನ್, ಫಿಯೆಟ್, ಸ್ಟ್ಯಾಂಡರ್ಡ್ ಎಂಬ ಮೂರು ಮನೆತನಗಳೇ ಉಳಿಯುತ್ತವೆ. ಒಂದು ನಾಡಿನ ಕೈಗಾರಿಕಾ ನೀತಿ ಅದರ ಬೀದಿಯ ನೋಟದಲ್ಲಿ ಇಷ್ಟು ಸ್ಪಷ್ಟವಾಗಿ ಮೂಡಿದ ಉದಾಹರಣೆಗಳು ವಿರಳ.

ಈ ಕುಗ್ಗಿದ ಕುಟುಂಬದೊಳಗೆ ಸಣ್ಣ ವ್ಯತ್ಯಾಸಗಳಿಗೆ ಬೆಲೆ ಹೆಚ್ಚು. 1954ರ ಲ್ಯಾಂಡ್‌ಮಾಸ್ಟರ್ ಮತ್ತು ಅದರ ಬಳಿಕ ಬಂದ ಅಂಬಾಸಡರ್ ದೂರದಿಂದ ಒಂದೇ ಆಗಿ ಕಾಣುತ್ತವೆ. ಆದರೆ ಅಂಬಾಸಡರಿನ ಹಿಂಬದಿಯಲ್ಲಿ ಮೀನಿನ ರೆಕ್ಕೆಯಂಥ ಸಣ್ಣ ಏಣುಗಳಿವೆ. 1962ರ ಎರಡನೆಯ ಅಂಬಾಸಡರಿನ ಮುಂಭಾಗದ ಜಾಲರಿಯಲ್ಲಿ ಒತ್ತಾದ ಚೌಕುಳಿಗಳಿದ್ದವು. 1975ರ ಮೂರನೆಯದರಲ್ಲಿ ಅಡ್ಡ ಪಟ್ಟಿಗಳು ಬಂದವು. 1979ರ ನಾಲ್ಕನೆಯದರಲ್ಲಿ ಜಾಲರಿ ಕಿರಿದಾಗಿ ಚೌಕುಳಿಗಳು ಹಿರಿದಾದವು. ಫಿಯೆಟ್ 1100ರ ಹಳೆಯ ಮಾದರಿಗಳಲ್ಲಿ ಮುಂಬಾಗಿಲಿನ ಕೀಲು ಹಿಂದುಗಡೆ ಇತ್ತು, ಅನಂತರದವುಗಳಲ್ಲಿ ಮುಂದುಗಡೆ ಬಂತು. ಯಾರೋ ಇಳಿಯುತ್ತಿರುವಾಗ ಬಾಗಿಲು ತೆರೆದೇ ತೆಗೆದ ಚಿತ್ರವಿದ್ದರೆ ಈ ಒಂದು ಕೀಲೇ ನಿರ್ಣಾಯಕವಾಗಬಲ್ಲದು. ಆದರೂ ಒಂದು ಎಚ್ಚರ ಅಗತ್ಯ: ಗ್ಯಾರೇಜಿನಲ್ಲಿ ಹಳೆಯ ಕಾರಿಗೆ ಹೊಸ ಜಾಲರಿಯನ್ನು ಕೂಡಿಸುವುದು ಸರ್ವೇಸಾಮಾನ್ಯ. ಒಂದೇ ಲಕ್ಷಣದ ಮೇಲೆ ತೀರ್ಪು ನಿಲ್ಲಬಾರದು.

ಬಸ್ಸಿನ ವಿಷಯ ಇನ್ನೂ ಜಟಿಲ. ಕಾರ್ಖಾನೆಯಿಂದ ಬರುತ್ತಿದ್ದುದು ಚಾಸಿ ಮಾತ್ರ. ಅದರ ಮೇಲಿನ ಬಾಡಿ ಸ್ಥಳೀಯ ಬಡಗಿಗಳ, ಕಮ್ಮಾರರ, ಬಣ್ಣದವರ ಕೈಕೆಲಸ. ಒಂದೇ ಷೆವ್ರೊಲೆ ಅಥವಾ ಬೆಡ್‌ಫರ್ಡ್ ಚಾಸಿಯ ಮೇಲೆ ಊರಿಗೊಂದು ಬಗೆಯ ಮರದ ಬಾಡಿ ಎದ್ದುದುಂಟು. ಬಾಡಿ ಜೀರ್ಣವಾದಾಗ ಅದೇ ಚಾಸಿಯ ಮೇಲೆ ಹೊಸದನ್ನು ಕಟ್ಟಿದ್ದೂ ಉಂಟು. ಆದುದರಿಂದ ಬಸ್ಸನ್ನು ಗುರುತಿಸುವವನು ಮೂತಿಯನ್ನು ಒಂದು ಆಕರವಾಗಿಯೂ ಬಾಡಿಯನ್ನು ಇನ್ನೊಂದು ಆಕರವಾಗಿಯೂ ಬೇರೆ ಬೇರೆ ಓದಬೇಕು. ಮೂತಿ ತಯಾರಕನನ್ನು ಹೇಳುತ್ತದೆ; ಬಾಡಿ ಊರನ್ನು ಹೇಳುತ್ತದೆ. ಗಾಜಿನ ಬದಲು ಇಳಿಬಿಟ್ಟ ಕ್ಯಾನ್ವಾಸು, ಮೇಲ್ಛಾವಣಿಯ ಕಟಕಟೆ, ಹಿಂಬದಿಯ ಏಣಿ, ಕಿಟಕಿಯ ಕಂಬಿಗಳ ನಡುವಣ ಅಂತರ ಇವೆಲ್ಲವೂ ಕುಶಲಕರ್ಮಿ ಪರಂಪರೆಗಳ ಗುರುತುಗಳು. ರಥದ ಕೆತ್ತನೆಯಲ್ಲಿ ಶಿಲ್ಪಿಯ ಮನೆತನವನ್ನು ಹುಡುಕುವ ಜಾನಪದ ಅಧ್ಯಯನವು ಬಸ್ಸಿನ ಬಾಡಿಯಲ್ಲಿ ಅದೇ ಪ್ರಯತ್ನವನ್ನು ಮಾಡದಿರುವುದು ಸೋಜಿಗ.

ಕೆಲವು ಗುರುತುಗಳು ಕಾಲವನ್ನು ಬಹಳ ಬಿಗಿಯಾಗಿ ಹಿಡಿದುಕೊಡುತ್ತವೆ. ಬಸ್ಸಿನ ಹಿಂಬದಿಯಲ್ಲಿ ನೀಳವಾದ ಹಂಡೆಯಂಥ ಕಬ್ಬಿಣದ ಪಾತ್ರೆಯೊಂದು ಕಂಡರೆ ಅದು ಇದ್ದಿಲಿನಿಂದ ಅನಿಲವನ್ನು ತಯಾರಿಸುವ ಗ್ಯಾಸ್ ಪ್ಲಾಂಟು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಹಬ್ಬಿದ ಈ ಸಾಧನವು ಚಿತ್ರವನ್ನು 1940ರ ದಶಕಕ್ಕೆ ಕಟ್ಟಿಹಾಕುತ್ತದೆ. ಬೆಳಗಿನ ಜಾವ ಕ್ಲೀನರನು ಗಾಳಿಯ ಚಕ್ರ ತಿರುಗಿಸಿ ಇದ್ದಿಲಿಗೆ ಬೆಂಕಿ ಹಿಡಿಸುತ್ತಿದ್ದುದು, ಏರಿನಲ್ಲಿ ಪ್ರಯಾಣಿಕರು ಇಳಿದು ನೂಕುತ್ತಿದ್ದುದು ಜನರ ಮಾತಿನಲ್ಲಿ ಇಂದಿಗೂ ಉಳಿದಿದೆ. ಹಾಗೆಯೇ ಟಾಟಾ ಬಸ್ಸಿನ ಮೂತಿಯ ಮೇಲೆ ಮೂರು ಮೊನೆಗಳ ಬೆಂಜ್ ನಕ್ಷತ್ರವಿದ್ದರೆ ಆ ಚಾಸಿ 1954ರಲ್ಲಿ ಆರಂಭವಾಗಿ 1969ರಲ್ಲಿ ಮುಗಿದ ಜರ್ಮನ್ ಸಹಯೋಗದ ಅವಧಿಯದು.

ಅಕ್ಷರಗಳ ಸಾಕ್ಷ್ಯ ಇದಕ್ಕಿಂತ ಬಲವಾದುದು. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಂದಿಗೆ ಕಾರ್ಯಾರಂಭ ಮಾಡಿತು. 1961ರಲ್ಲಿ ಅದು ನಿಗಮವಾಯಿತು. 1973ರಲ್ಲಿ ರಾಜ್ಯದ ಹೆಸರಿನೊಂದಿಗೆ ನಿಗಮದ ಹೆಸರೂ ಬದಲಾಯಿತು. ಬೆಂಗಳೂರಿನ ನಗರ ಬಸ್ಸಿನ ಮೇಲೆ ‘ಬಿ.ಟಿ.ಸಿ.’ ಎಂದಿದ್ದರೆ 1940ರಿಂದ 1956ರವರೆಗಿನ ಖಾಸಗಿ ಕಂಪನಿಯ ಕಾಲ, ‘ಬಿ.ಟಿ.ಎಸ್.’ ಎಂದಿದ್ದರೆ ರಾಷ್ಟ್ರೀಕರಣದ ನಂತರದ, 1997ಕ್ಕೆ ಹಿಂದಿನ ಕಾಲ. ನಂಬರ್ ಪ್ಲೇಟಿನಲ್ಲಿ ‘ಕೆಎ’ ಇದ್ದರೆ ಚಿತ್ರ 1989ರ ಜುಲೈಗೆ ಮುಂಚಿನದಲ್ಲ. ಇಲ್ಲಿ ಪ್ರಾದೇಶಿಕ ವಿವೇಕವೂ ಬೇಕು. 1956ರ ಏಕೀಕರಣಕ್ಕೆ ಮುಂಚೆ ಧಾರವಾಡದ ವಾಹನ ಮುಂಬಯಿ ಆಡಳಿತದಲ್ಲಿ, ಮಂಗಳೂರಿನದು ಮದರಾಸಿನ ಆಡಳಿತದಲ್ಲಿ, ಕಲಬುರಗಿಯದು ಹೈದರಾಬಾದಿನ ಆಡಳಿತದಲ್ಲಿ ನೋಂದಣಿಯಾಗುತ್ತಿತ್ತು. ಹೈದರಾಬಾದು ಸಂಸ್ಥಾನವು ರೈಲ್ವೆಯ ಅಂಗವಾಗಿ 1932ರಲ್ಲಿಯೇ ಸರ್ಕಾರಿ ಬಸ್ಸನ್ನು ಓಡಿಸಿತ್ತು. ಕರಾವಳಿಯಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಎಂಬ ಖಾಸಗಿ ಕಂಪನಿ 1914ರಲ್ಲಿಯೇ ಹುಟ್ಟಿತ್ತು. ಮೈಸೂರಿನ ಅಳತೆಗೋಲಿನಿಂದ ಇಡೀ ಕನ್ನಡನಾಡಿನ ಚಿತ್ರಗಳನ್ನು ಅಳೆಯಲಾಗದು.

ಮುದ್ರಣದ ಹಂತದಲ್ಲಿ ಉಂಟಾಗುವ ವಿಕಾರಗಳನ್ನೂ ಪರಿಗಣಿಸಬೇಕು. ನೆಗೆಟಿವನ್ನು ತಿರುಗುಮುರುಗಾಗಿಟ್ಟು ಅಚ್ಚುಹಾಕಿದರೆ ಪೂರ್ವ ಪಶ್ಚಿಮವಾಗುತ್ತದೆ, ಬೀದಿಯ ಬಲಸಾಲು ಎಡವಾಗುತ್ತದೆ. ಫಲಕಗಳ ಬರಹ ಮಸುಕಾಗಿದ್ದಾಗಲೂ ವಾಹನಗಳ ಸ್ಟಿಯರಿಂಗ್ ಎಡಕ್ಕೆ ಕಂಡರೆ, ಎಲ್ಲವೂ ರಸ್ತೆಯ ಬಲಬದಿಯಲ್ಲಿ ಚಲಿಸುತ್ತಿದ್ದರೆ ಚಿತ್ರವೇ ತಿರುಗಿದೆಯೆಂದು ತಿಳಿಯಬಹುದು. ಅಂಚೆಕಾರ್ಡಿನ ಚಿತ್ರಗಳಿಗೆ ಇನ್ನೊಂದು ತೊಡಕುಂಟು: ಮೊಹರಿನ ತೇದಿ ಕಾರ್ಡನ್ನು ಕಳುಹಿಸಿದ ದಿನವನ್ನು ಹೇಳುತ್ತದೆಯೇ ಹೊರತು ಚಿತ್ರ ತೆಗೆದ ದಿನವನ್ನಲ್ಲ. ಈಚಿನ ವರ್ಷಗಳಲ್ಲಿ ಕಪ್ಪುಬಿಳುಪಿನ ಚಿತ್ರಕ್ಕೆ ಕಂಪ್ಯೂಟರಿನಿಂದ ಬಣ್ಣ ತುಂಬುವುದು, ಕೃತಕ ಬುದ್ಧಿಮತ್ತೆಯಿಂದ ‘ಹಳೆಯ ಬೆಂಗಳೂರು’ ಎಂಬ ಇಲ್ಲದ ಬೀದಿಗಳನ್ನೇ ಸೃಷ್ಟಿಸುವುದು ಹೆಚ್ಚಿದೆ. ಯಾವ ಕಾರ್ಖಾನೆಯೂ ತಯಾರಿಸದ ಕಾರು, ಯಾವ ಲಿಪಿಗೂ ಸೇರದ ಫಲಕ ಇಂಥ ಚಿತ್ರಗಳ ಮೋಸವನ್ನು ಬಯಲು ಮಾಡುತ್ತವೆ. ವಾಹನಗಳನ್ನು ಗುರುತಿಸುವ ವಿದ್ಯೆ ಹವ್ಯಾಸದ ಮಟ್ಟವನ್ನು ಮೀರಿ ಆಕರಶೋಧನೆಯ ಅಗತ್ಯವಾಗಿರುವುದು ಈ ಕಾರಣದಿಂದ.

ಇಷ್ಟೆಲ್ಲ ಯಂತ್ರಲಕ್ಷಣಗಳು ದಶಕವನ್ನು ಕೊಡಬಲ್ಲವು. ತಿಂಗಳನ್ನು, ದಿನವನ್ನು ಕೊಡಲಾರವು. ಅಲ್ಲಿ ನೆರವಿಗೆ ಬರುವುದು ಆಚರಣೆಯ ತಿಳಿವಳಿಕೆ. ಬಸ್ಸಿನ ಮುಂದೆ ಬಾಳೆಕಂದು, ಮಾವಿನ ತೋರಣ, ಚೆಂಡುಹೂವಿನ ಮಾಲೆ, ಚಕ್ರದ ಬಳಿ ಒಡೆದ ಬೂದುಗುಂಬಳ ಕಂಡರೆ ಅದು ಆಯುಧಪೂಜೆಯ ಆಸುಪಾಸಿನ ಚಿತ್ರವೆನ್ನಲು ಬಲವಾದ ಕಾರಣವಿದೆ. ಪಂಚಾಂಗದ ನೆರವಿನಿಂದ ಸಂಭಾವ್ಯ ತೇದಿಗಳನ್ನು ಪಟ್ಟಿ ಮಾಡಬಹುದು. ಗೋಡೆಯ ಮೇಲಿನ ಸಿನಿಮಾ ಭಿತ್ತಿಪತ್ರ ‘ಬೇಡರ ಕಣ್ಣಪ್ಪ’ನದಾದರೆ 1954ರ ಗಡಿ ಸಿಗುತ್ತದೆ, ಹಿನ್ನೆಲೆಯಲ್ಲಿ ಪೂರ್ಣಗೊಂಡ ವಿಧಾನಸೌಧವಿದ್ದರೆ 1956ರ ಗಡಿ ಸಿಗುತ್ತದೆ. ವಾಹನ, ಕಟ್ಟಡ, ಬರಹ, ಆಚರಣೆ ಈ ನಾಲ್ಕೂ ಒಂದೇ ಕಾಲಾವಧಿಯಲ್ಲಿ ಕೂಡಿದಾಗ ಮಾತ್ರ ತೀರ್ಮಾನಕ್ಕೆ ಬಲ ಬರುತ್ತದೆ.

ಮೌಖಿಕ ಸಾಕ್ಷ್ಯದ ಸ್ಥಾನವೇನು ಎಂಬ ಪ್ರಶ್ನೆ ಇಲ್ಲಿ ಮುಖ್ಯ. ಜನರ ನೆನಪಿನಲ್ಲಿ ಬಸ್ಸು ಷೆವ್ರೊಲೆ ಅಥವಾ ಫಾರ್ಗೋ ಆಗಿ ಉಳಿದಿರುವುದು ಕಡಿಮೆ. ಅದು ಒಡೆಯನ ಹೆಸರಿನ ಬಸ್ಸು, ‘ಎಂಟು ಗಂಟೆ ಬಸ್ಸು’, ‘ಸಿ.ಪಿ.ಸಿ. ಬಸ್ಸು’, ‘ಕೆಂಪು ಬಸ್ಸು’. ‘ಇದು ಯಾವ ಕಂಪನಿಯ ಗಾಡಿ?’ ಎಂದು ಕೇಳುವ ಸಂಗ್ರಾಹಕನಿಗೆ ಉತ್ತರ ಸಿಗದಿದ್ದರೆ ವಕ್ತೃವಿಗೆ ನೆನಪಿಲ್ಲವೆಂದು ಬರೆದುಕೊಳ್ಳುವುದು ಅನ್ಯಾಯ. ಪ್ರಶ್ನೆಯೇ ಆತನ ಲೋಕಕ್ಕೆ ಸೇರಿದ್ದಲ್ಲ. ಯಾವ ದಾರಿಯಲ್ಲಿ ಓಡುತ್ತಿತ್ತು, ಎಲ್ಲಿ ನೀರು ಹಾಕುತ್ತಿದ್ದರು, ಯಾರು ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು, ಯಾರು ಕೂರುವಂತಿರಲಿಲ್ಲ ಎಂದು ಕೇಳಿದರೆ ತಯಾರಕನ ಹೆಸರಿಗಿಂತ ಬೆಲೆಯುಳ್ಳ ಉತ್ತರಗಳು ಬರುತ್ತವೆ.

ಯಂತ್ರಸಾಕ್ಷ್ಯವೂ ಮೌಖಿಕ ಸಾಕ್ಷ್ಯವೂ ಪರಸ್ಪರ ವಿರೋಧಿಸುವ ಸಂದರ್ಭಗಳು ಬರುತ್ತವೆ. ದಕ್ಷಿಣ ಕನ್ನಡದಲ್ಲಿ 1923ರ ಮಹಾಪ್ರವಾಹವು ಹಿರಿಯರ ಕಾಲಗಣನೆಗೆ ಒಂದು ಮೈಲಿಗಲ್ಲಾಗಿತ್ತು. ಊರಿಗೆ ಮೊದಲ ಬಸ್ಸು ಬಂದದ್ದು ಆ ನೆರೆಯ ಮರುವರ್ಷವೆಂದು ಒಂದು ಮನೆತನದ ಹೇಳಿಕೆಯಿದೆ ಎಂದುಕೊಳ್ಳೋಣ. ‘ಮೊದಲ ಬಸ್ಸು’ ಎಂದು ಆ ಮನೆಯವರು ತೋರಿಸುವ ಚಿತ್ರದಲ್ಲಿರುವುದು 1932ರ ಅನಂತರವಷ್ಟೇ ಬಂದ ಫೋರ್ಡ್ ವಿ-8 ಮಾದರಿ. ಆಗ ಹೇಳಿಕೆಯನ್ನು ಸುಳ್ಳೆಂದು ತಳ್ಳುವುದು ಅವಸರದ ಕೆಲಸ. ನೆನಪು ಮೊದಲ ಬಸ್ಸಿನದು, ಚಿತ್ರ ಅನಂತರದ ಬಸ್ಸಿನದು ಎಂಬ ಸಾಧ್ಯತೆಯಿದೆ, ಎರಡೂ ಸತ್ಯವಾಗಿರಬಹುದು. ಚಿತ್ರವನ್ನೂ ಹೇಳಿಕೆಯನ್ನೂ ಬಲವಂತವಾಗಿ ಒಂದಾಗಿಸುವ ಅಡಿಬರಹವೇ ಅಲ್ಲಿ ಸುಳ್ಳು.

ಆದುದರಿಂದ ಹಳೆಯ ಬೀದಿಚಿತ್ರಗಳನ್ನು ಪ್ರಕಟಿಸುವಾಗ ಅಡಿಬರಹದಲ್ಲಿ ಮೂರು ಸಂಗತಿಗಳನ್ನು ಬೇರ್ಪಡಿಸಿ ದಾಖಲಿಸುವ ಶಿಸ್ತು ಬೇಕು: ಚಿತ್ರದಲ್ಲಿ ಕಂಡದ್ದು, ಅದರಿಂದ ಊಹಿಸಿದ್ದು, ಜನರಿಂದ ಕೇಳಿದ್ದು. ಚಿತ್ರ ಯಾರ ಮನೆಯಿಂದ ಬಂತು, ಅದರ ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆಯಿದೆಯೇ ಎಂಬ ವಿವರವೂ ಜೊತೆಗಿರಬೇಕು. ಪ್ರತಿಯೆತ್ತುವಾಗ ಅಂಚುಗಳನ್ನು ಕತ್ತರಿಸಬಾರದು. ಬೀದಿಯ ಸಾಮಾನ್ಯ ಜನ ನಿಂತಿರುವುದು ಅಂಚಿನಲ್ಲಿಯೇ.

ಯಾವ ಕಾರು ಎಂಬ ಪ್ರಶ್ನೆಗೆ ಉತ್ತರ ಇಂದಲ್ಲ ನಾಳೆಯಾದರೂ ದೊರೆಯುತ್ತದೆ; ಕಾರ್ಖಾನೆಗಳ ಪಟ್ಟಿಗಳು ಎಲ್ಲೋ ಒಂದೆಡೆ ಉಳಿದಿರುತ್ತವೆ. ಹ್ಯಾಂಡಲ್ ತಿರುಗಿಸುತ್ತಿರುವ ಕ್ಲೀನರ್ ಯಾರು, ಬಾಡಿ ಕಟ್ಟಿದ ಬಡಗಿ ಯಾವ ಓಣಿಯವನು, ಬಸ್ಸು ಬಂದ ಮೇಲೆ ಜಟಕಾದವನು ಯಾವ ಕಸುಬಿಗೆ ಹೋದ ಎಂಬ ಪ್ರಶ್ನೆಗಳಿಗೆ ಅಂಥ ಪಟ್ಟಿಗಳಿಲ್ಲ. ಅದನ್ನು ಬಲ್ಲವರು ವೃದ್ಧ ಚಾಲಕರು, ನಿರ್ವಾಹಕರು, ಮೆಕ್ಯಾನಿಕ್ಕರು. ಅವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ವಾಹನವನ್ನು ಗುರುತಿಸುವ ವಿದ್ಯೆಯು ಅವರ ಬಳಿಗೆ ಚಿತ್ರದೊಡನೆ ಹೋಗಲು ನೆಪವಾದರೆ, ಜಾನಪದ ಅಧ್ಯಯನಕ್ಕೆ ಅದರಿಂದ ದೊರೆಯುವ ಲಾಭ ತೇದಿಯ ನಿರ್ಣಯಕ್ಕಿಂತ ದೊಡ್ಡದು.